ಬಾಲದಲ್ಲಿ ಉಳಿದ ಮಾತು

ಮೊದಲು ಅವರ ದನಿಯಿಂದ ಶುರು ಮಾಡುತ್ತೇನೆ. ಅದು ನೀವು ಕೇಳಿರುವ ದನಿಯೇ. ಪರದೇಶದ ಆ ಧಾರಾವಾಹಿಯಲ್ಲಿ, ಬೆನ್ನಿಗೆ ಈಟಿ ಕಟ್ಟಿಕೊಂಡು ವಾರಕ್ಕೊಬ್ಬ ರಾಕ್ಷಸನನ್ನು ಮುಗಿಸುವ ಹುಡುಗ ಬರುತ್ತಾನಲ್ಲ, "ಹೊರಗೆ ಬಾರೋ, ಕತ್ತಲಲ್ಲಿ ಎಷ್ಟು ಹೊತ್ತು ಅಡಗಿರ್ತೀಯ?" ಎಂದು ಕೂಗುತ್ತಾನಲ್ಲ, ಆ ಕೂಗು ಐವತ್ತು ದಾಟಿದ, ಮಂಡಿನೋವಿನ, ಸಣ್ಣ ಆಕಾರದ ಒಬ್ಬ ಹೆಂಗಸಿನದು. ನಮ್ಮ ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಮರಿಯಕ್ಕ ಎನ್ನುತ್ತೇವೆ. ನಾಯಿಮರಿ, ಕೂಸು, ಶಾಲೆಯ ಹುಡುಗ, ಎಲ್ಲ ಮರಿಗಳ ದನಿಯೂ ಅವರದೇ. ಗಂಟಲೊಡೆಯದ ಹುಡುಗರ ಪಾತ್ರಕ್ಕೆ ಹೆಂಗಸರಿಂದಲೇ ಮಾತಾಡಿಸುವುದು ನಮ್ಮ ಕಸುಬಿನ ರೂಢಿ. ನಿಜವಾದ ಹುಡುಗನನ್ನು ಕರೆತಂದರೆ ಸೀಸನ್ ಅರ್ಧ ಮುಗಿಯುವಷ್ಟರಲ್ಲಿ ಅವನ ಗಂಟಲು ಕಪ್ಪೆಯಾಗಿರುತ್ತದೆ.

ನಾನು ಗಾಜಿನ ಈಚೆ ಕುಳಿತು ಧ್ವನಿ ಮುದ್ರಿಸುವವನು. ಮರಿಯಕ್ಕನನ್ನು ನಾನು ಬಲ್ಲಷ್ಟು ಅವರ ತಮ್ಮನೂ ಬಲ್ಲನೋ ಇಲ್ಲವೋ. ಆ ಮಹಾಶಯ ವರ್ಷಕ್ಕೊಮ್ಮೆ ಫೋನ್ ಮಾಡಿ "ಆರೋಗ್ಯ ತಾನೇ?" ಎಂದು ಕೇಳಿ, ಉತ್ತರ ಬರುವ ಮೊದಲೇ "ಸರಿ ಸರಿ" ಎಂದು ಇಟ್ಟುಬಿಡುವ ಪೈಕಿ.

ಅವರ ಮನೆ ಎಂದರೆ ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗಿನ ಬಿಸಿಗೆ ಬೇಸಿಗೆಯಲ್ಲಿ ನೆಲ ಕಾಯುತ್ತದೆ. ಒಂದು ಮಂಚ, ಒಂದು ಕುರ್ಚಿ, ಅಮ್ಮ ಬದುಕಿದ್ದಾಗ ಕೂರುತ್ತಿದ್ದ ಇನ್ನೊಂದು ಕುರ್ಚಿ. ಅಮ್ಮ ಹೋದ ಮೇಲೆ ಆ ಕುರ್ಚಿಯ ಮೇಲೆ ಒಗೆದ ಬಟ್ಟೆ ಕೂರುತ್ತದೆ. ಒಮ್ಮೆ ಬಿಸಿಲೇರಿದ ಮೇಲೆ ಜ್ವರದ ಮಾತ್ರೆ ಕೊಡಲು ಹೋಗಿದ್ದೆ. ಬಾಗಿಲು ತೆರೆದವರು "ಬಾ" ಎಂದರು. ಆ 'ಬಾ' ತುಕ್ಕು ಹಿಡಿದ ಬೀಗ ತೆಗೆದ ಹಾಗೆ ಬಂತು. "ಜ್ವರಕ್ಕೆ ಗಂಟಲು ಹೋಯ್ತಾ ಅಕ್ಕಾ?" ಎಂದೆ. "ಇಲ್ಲಪ್ಪ, ಇವತ್ತು ಇದೇ ಮೊದಲ ಮಾತು" ಎಂದರು. ಊರಿನ ಮನೆಮನೆಯಲ್ಲೂ ಸಂಜೆ ಗರ್ಜಿಸುವ ಹೆಂಗಸಿಗೆ ಸ್ವಂತ ದನಿಯಲ್ಲಿ ಮಾತಾಡಲು ಒಂದು ಜೀವವಿರಲಿಲ್ಲ. ನನಗೆ ಅವತ್ತು ಸಂಕಟವಾಯಿತು. ಏನೋ ತಮಾಷೆ ಮಾಡಿ ಇಳಿದು ಬಂದೆ.

ಈಗಿನ ಡಬ್ಬಿಂಗ್ ಕೂಡ ಒಂಟಿ ಪಿಶಾಚಿಯ ಕೆಲಸ. ಹಿಂದೆ ಎಲ್ಲರೂ ಒಂದೇ ಮೈಕಿನ ಸುತ್ತ ನಿಂತು, ಒಬ್ಬರ ಹೆಗಲಿಗೆ ಒಬ್ಬರು ತಾಗಿಕೊಂಡು ಮಾತಾಡುತ್ತಿದ್ದರು. ಈಗ ಒಬ್ಬೊಬ್ಬರೇ ಬಂದು, ತಮ್ಮ ತಮ್ಮ ಮಾತು ಹೇಳಿ ಹೋಗುತ್ತಾರೆ. ಅಪ್ಪನಿಗೆ ಮಗಳು ಉತ್ತರ ಕೊಡುವ ಹೊತ್ತಿಗೆ ಅಪ್ಪ ಊಟ ಮಾಡಿ ಮಲಗಿರುತ್ತಾನೆ. ಎದುರಿನವರ ದನಿ ಕೇಳುವುದು ಹೆಡ್‌ಫೋನಿನಲ್ಲಿ ಮಾತ್ರ.

ಧಾರಾವಾಹಿಯಲ್ಲಿ ಹುಡುಗನಿಗೆ ಬೇಟೆ ಕಲಿಸುವ ಒಬ್ಬ ಮುದುಕನಿದ್ದಾನೆ. ಆ ಪಾತ್ರಕ್ಕೆ ನಮ್ಮ ನಿರ್ದೇಶಕಿ ಎಲ್ಲಿಂದಲೋ ಒಬ್ಬ ತಾತನನ್ನು ಹಿಡಿದು ತಂದರು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗಿ ಕೂಗಿ ನಿವೃತ್ತರಾದವರು. ಅವರ ದನಿ ಎಷ್ಟು ಗಟ್ಟಿ ಎಂದರೆ, ಅವರು ಮನೆಗೆ ಹೋದರೂ ಅದನ್ನು ಕಳಿಸಲು ನಿಲ್ದಾಣದವರಿಗೆ ಮನಸ್ಸು ಬಾರದೆ, ಮುದ್ರಿಸಿಕೊಂಡು ಇವತ್ತಿಗೂ ನಿಲ್ದಾಣದಲ್ಲಿ ಹಾಕುತ್ತಾರೆ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಡಬ್ಬಿಂಗ್‌ನ ಗಂಧಗಾಳಿಯೂ ಇಲ್ಲ. ಬೆಳಿಗ್ಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಮೈಕಿಗೆ ಒಂದು ನಮಸ್ಕಾರ ಹಾಕಿ, ರಾಕ್ಷಸರ ವಿಷಯವನ್ನು ಬಸ್ಸಿನ ವಿಷಯದಷ್ಟೇ ಖಚಿತವಾಗಿ ಹೇಳಿ ಹೋಗುತ್ತಿದ್ದರು. ಮರಿಯಕ್ಕ ಬರುವುದು ಮಧ್ಯಾಹ್ನ. ಹೀಗಾಗಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮಾತು ಮುಗಿದ ಕೂಡಲೇ ನಾನು ಮುದ್ರಣ ನಿಲ್ಲಿಸುವುದಿಲ್ಲ. ನಾಲ್ಕು ಉಸಿರು ಹೆಚ್ಚಿಗೆ ಓಡಲಿಕ್ಕೆ ಬಿಡುತ್ತೇನೆ. ಕೊನೆಯ ಅಕ್ಷರ ಕತ್ತರಿಸಿ ಹೋದರೆ ಮತ್ತೆ ಯಾರು ಬಂದು ಹೇಳುತ್ತಾರೆ? ಆ ಹೆಚ್ಚುವರಿ ತುಂಡಿಗೆ ನಾವು ಬಾಲ ಎನ್ನುತ್ತೇವೆ. ಕೊನೆಗೆ ಎಲ್ಲ ಕತ್ತರಿಸಿ ಬಿಸಾಡುವಂಥದ್ದೇ.

ತಾತ ಅದನ್ನು ಬಿಸಾಡಗೊಡಲಿಲ್ಲ. ಹಿಂದಿನ ದಿನ ಮರಿಯಕ್ಕ ಮಾಡಿದ್ದನ್ನು ಬೆಳಿಗ್ಗೆ ಅವರ ಕಿವಿಗೆ ಹಾಕುತ್ತಿದ್ದೆ, ಲಹರಿ ಬರಲಿ ಎಂದು. ಒಂದು ದಿನ ಹುಡುಗ ಗಾಯಗೊಂಡು ಅಳುವ ದೃಶ್ಯ ಕೇಳಿದರು. ತಮ್ಮ ಮಾತು ಹೇಳಿದರು. ಆಮೇಲೆ ಬಾಲದಲ್ಲಿ, ಮೈಕಿಗೇ, "ಚೆನ್ನಾಗಿ ಮಾಡಿದೆ ಕಣೋ ಮಗಾ. ಊಟ ಮಾಡಿದ್ಯಾ?" ಎಂದರು.

ಮಧ್ಯಾಹ್ನ ಮರಿಯಕ್ಕ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿದರು. ಬಾಯಲ್ಲಿ ಹುಡುಗ ಇನ್ನೂ ಇದ್ದ, ಮೈಕ್ ತೆರೆದಿತ್ತು. "ಹೂಂ ತಾತ, ಆಯ್ತು. ನಿಮ್ದು?" ಎಂದುಬಿಟ್ಟರು. ಹುಡುಗನ ದನಿಯಲ್ಲೇ. ಪಾತ್ರ ಬಾಯಲ್ಲಿರುವಾಗ ಯಾರು ಏನು ಕೇಳಿದರೂ ಪಾತ್ರವೇ ಉತ್ತರ ಕೊಡುತ್ತದೆ. ಇದು ನಮ್ಮ ಮಂದಿಗೆ ಮಾತ್ರ ಆಗುವ ಎಡವಟ್ಟು.

ಮರುದಿನ ಅದನ್ನು ಕೇಳಿ ತಾತನ ಮುಖ ನೋಡಬೇಕಿತ್ತು. ಬಸ್ ನಿಲ್ದಾಣದ ಭಾಷೆಯಲ್ಲಿ ಹೇಳುವುದಾದರೆ, ಎಂದೋ ರದ್ದಾದ ಬಸ್ಸು ಬಂದು ನಿಂತ ಹಾಗೆ. ಅಂದಿನ ಬಾಲದಲ್ಲಿ ಅವರು ಹೇಳಿದ್ದು ನನಗೆ ಬಾಯಿಪಾಠ: "ನೋಡು ಮಗಾ, ಇಷ್ಟು ವರ್ಷ ಲಕ್ಷಾಂತರ ಜನಕ್ಕೆ ಕೂಗಿ ಹೇಳಿದೀನಿ. ಒಬ್ಬರೂ ತಿರುಗಿ ಮಾತಾಡಿಲ್ಲ. ನೀನೇ ಮೊದಲು."

ಅದು ನಿಜವಾದ ಹುಡುಗನೇ ಎಂದು ತಾತ ನಂಬಿಬಿಟ್ಟಿದ್ದರು. ಇನ್ನು ನಿಜ ಹೇಳುವುದು ಹೇಗೆ? ಒಂದು ಸುಳ್ಳಿಗೆ ಹತ್ತು ಸುಳ್ಳಿನ ಒತ್ತಾಸೆ ಬೇಕು. ಯಾವ ಕ್ಲಾಸು ಎಂದು ತಾತ ಕೇಳಿದರು, ಮರಿಯಕ್ಕ ಒಂದು ಕ್ಲಾಸು ಹೇಳಿದರು. ಲೆಕ್ಕ ಬರುತ್ತದೋ ಎಂದರು ಅವರು, ಭೂಗೋಳ ಇಷ್ಟ ಎಂದರು ಇವರು. ತಾತ ಖುಷಿಯಾಗಿ, ಬಸ್ಸು ಹೋಗುವ ಊರುಗಳನ್ನೆಲ್ಲ ದಾರಿಯ ಕ್ರಮದಲ್ಲಿ ಹೇಳಿಕೊಟ್ಟರು. ಮರಿಯಕ್ಕ ಮನೆಯಲ್ಲಿ ಅದನ್ನು ಉರು ಹೊಡೆದು ಬಂದು ಒಪ್ಪಿಸಿದರು. ಐವತ್ತು ದಾಟಿದ ಹೆಂಗಸು, ಒಂದು ಊರೂ ತಪ್ಪಿಲ್ಲ! ಕುರ್ಚಿಯ ಮೇಲಿನ ಬಟ್ಟೆ ಕೂಡ ಮಡಿಸಿ ಕಪಾಟಿಗೆ ಹೋಯಿತಂತೆ. ಸ್ಟುಡಿಯೋಗೆ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಕೂರತೊಡಗಿದರು.

"ಅಕ್ಕಾ, ಹೇಳಿಬಿಡಿ ಅವರಿಗೆ" ಎಂದೆ ಒಮ್ಮೆ.

"ಹೇಳಿದ್ರೆ ಅವರು ಮಾತಾಡೋದು ಯಾರ ಹತ್ರ?"

"ನಿಮ್ಮ ಹತ್ರ."

"ನನ್ನ ಹತ್ರ ಯಾರಪ್ಪ ಮಾತಾಡ್ತಾರೆ" ಎಂದರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾನು ಬಾಲಗಳನ್ನು ಕತ್ತರಿಸದೆ ಇಟ್ಟೆ. ಬೇಕಾದವರು ಬೈದುಕೊಳ್ಳಲಿ.

ಸೀಸನ್ ಮುಗಿಯುತ್ತ ಬಂದಾಗ ಮರಿಯಕ್ಕ, ಬಾಲದ ಹರಟೆಯ ಮಧ್ಯೆ ಹುಡುಗನ ದನಿಯಲ್ಲಿ, ಶಾಲೆಯ ಷೂ ಬಿಗಿಯಾಗಿದೆ, ಬೆರಳು ಒತ್ತುತ್ತದೆ ಎಂದಿದ್ದರು. ಮರುದಿನ ತಾತ ಅಳತೆ ಕೇಳಿದರು. ಹುಡುಗರ ಕಾಲಿನ ಅಳತೆ ಮರಿಯಕ್ಕನಿಗೆ ಎಲ್ಲಿ ಗೊತ್ತು? ತಮ್ಮದನ್ನೇ ಹೇಳಿದರು.

ಕೊನೆಯ ಕಂತಿನ ರಾಕ್ಷಸಿಗೆ ಸ್ವಂತ ದನಿ ಇಲ್ಲ. ಅದು ನಿಮಗೆ ಪ್ರೀತಿಪಾತ್ರರಾದವರ ದನಿ ಕದ್ದು, ಅದರಲ್ಲೇ ಹೆಸರು ಹಿಡಿದು ಕೂಗುತ್ತದೆ. ಓಗೊಟ್ಟು ಹೋದವರು ಮುಗಿದರು. ಅದನ್ನು ಕೊಲ್ಲುವಾಗ ಮುದುಕ ಬೇಟೆಗಾರ ಸಾಯುತ್ತಾನೆ. ಸಾಯುವ ಮುದುಕನ ಮಾತಿನ ಮೇಲೆ ಹುಡುಗನ ಅಳು ಬೀಳಬೇಕು, ಒಂದರೊಳಗೊಂದು ಹೆಣೆದುಕೊಳ್ಳಬೇಕು. ಬೇರೆ ಬೇರೆ ಮುದ್ರಿಸಿದರೆ ಅಂಟಿಸಿದ ಹಾಗೆ ಕೇಳಿಸುತ್ತದೆ ಎಂದು ನಿರ್ದೇಶಕಿ ಹಟ ಹಿಡಿದರು. "ಇಬ್ಬರನ್ನೂ ಒಟ್ಟಿಗೆ ಕರೀರಿ. ಒಂದೇ ಮೈಕು."

ಸುದ್ದಿ ಕೇಳಿ ಮರಿಯಕ್ಕ ಗಂಟಲು ಕೆಟ್ಟಿದೆ ಎಂದರು, ಮಂಡಿನೋವು ಎಂದರು, ಬೇರೆ ಯಾರನ್ನಾದರೂ ಹಾಕಿ ಎಂದರು. ಇಡೀ ಸೀಸನ್ನಿನ ದನಿಯನ್ನು ಕೊನೆಯ ದಿನ ಬದಲಾಯಿಸಲು ಆಗುತ್ತದೆಯೇ? ಬರಲೇಬೇಕಾಯಿತು.

ತಾತ ಅವರಿಗಿಂತ ಮುಂಚೆಯೇ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಒಂದು ಷೂ ಡಬ್ಬ. ಮರಿಯಕ್ಕ ಒಳಗೆ ಬಂದಾಗ ಎದ್ದು ನಿಂತು, ಅವರ ಹಿಂದೆ ಬಾಗಿಲ ಕಡೆ ನೋಡಿದರು.

"ನೀವು ಅವನ ತಾಯಿನಾಮ್ಮಾ? ಹುಡುಗ ಬರಲಿಲ್ವೇ?"

ಮರಿಯಕ್ಕ ನನ್ನ ಕಡೆ ನೋಡಿದರು. ನಮ್ಮ ನಿರ್ದೇಶಕಿಗೆ ಬಾಲದ ಕತೆ ಏನೂ ಗೊತ್ತಿಲ್ಲ. ಅವರು ನಕ್ಕುಬಿಟ್ಟರು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತಲ್ಲ ತಾತ! ಇವರೇ ನಿಮ್ಮ ಹುಡುಗ."

ತಾತ ನಗಲಿಲ್ಲ. ಮರಿಯಕ್ಕನನ್ನು ನೋಡಿದರು, ಕೂದಲು ನೋಡಿದರು, ಕೈ ನೋಡಿದರು. ಡಬ್ಬವನ್ನು ಕುರ್ಚಿಯ ಕೆಳಗಿಟ್ಟು "ಶುರು ಮಾಡೋಣ" ಎಂದರು.

ದೃಶ್ಯದಲ್ಲಿ ಮುದುಕ ಹುಡುಗನಿಗೆ ಹೇಳುವ ಮಾತೊಂದಿದೆ: ಮುಖ ನೋಡದೆ ಯಾವ ದನಿಯನ್ನೂ ನಂಬಬೇಡ. ತಾತ ಆ ಮಾತಿನ ಹತ್ತಿರ ಬಂದು ನಿಂತುಹೋದರು. ಮತ್ತೆ ಮಾಡಿದೆವು, ಮತ್ತೆ ನಿಂತರು. ಊರೆಲ್ಲದರ ಹೆಸರು ತಡವರಿಸದೆ ಕೂಗಿದ ಬಾಯಿ ಅದು. ನಿರ್ದೇಶಕಿ ನೀರು ಕೊಟ್ಟರು. ಪಕ್ಕದಲ್ಲಿ ಮರಿಯಕ್ಕ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ, ನೆಲ ನೋಡುತ್ತ ನಿಂತಿದ್ದರು. ಎಷ್ಟೋ ವರ್ಷಗಳ ಮೇಲೆ ಅವರ ಪಕ್ಕ ಮೈಕಿನ ಮುಂದೆ ಒಬ್ಬರು ನಿಂತಿದ್ದರು. ಕೊನೆಗೆ ತಾತ ಆ ಮಾತು ಹೇಳಿದರು. ಪರದೆ ನೋಡಿ ಹೇಳಲಿಲ್ಲ, ಅವರ ಕಡೆ ತಿರುಗಿ ಹೇಳಿದರು. ಮರಿಯಕ್ಕ ಅತ್ತರು. ಹುಡುಗನ ದನಿಯಲ್ಲೇ ಅತ್ತರು, ಆದರೆ ಆ ಅಳು ಪಾತ್ರದ್ದಲ್ಲ ಎಂದು ನನ್ನ ಕಿವಿಗೆ ಗೊತ್ತಾಗದೆ ಇರುತ್ತದೆಯೇ? ನಿರ್ದೇಶಕಿ "ಅದ್ಭುತ" ಎಂದು ಚಪ್ಪಾಳೆ ತಟ್ಟಿ, ಫೋನ್ ಬಂತೆಂದು ಹೊರಗೆ ಹೋದರು.

ನಾನು ಅಭ್ಯಾಸದಂತೆ ಬಾಲ ಬಿಟ್ಟಿದ್ದೆ. 'ಚೆನ್ನಾಗಿ ಮಾಡಿದೆ ಕಣೋ ಮಗಾ' ಬರಲಿಲ್ಲ.

ಮರಿಯಕ್ಕನೇ ತಮ್ಮ ಸ್ವಂತ, ತುಕ್ಕು ಹಿಡಿದ ದನಿಯಲ್ಲಿ "ಮೋಸ ಮಾಡಬೇಕು ಅಂತ ಮಾಡಿದ್ದಲ್ಲ" ಎಂದರು.

"ನೀವು ಮೋಸ ಮಾಡಿದ್ರಿ ಅಂತ ನಾನೂ ಹೇಳಲ್ಲ ತಾಯಿ" ಎಂದರು ತಾತ. "ಆದ್ರೆ ಆ ಹುಡುಗ ಇಲ್ಲ ಅಂದ್ಮೇಲೆ ನಾನು ಇಷ್ಟು ದಿನ ಒಬ್ಬನೇ ಮಾತಾಡ್ಕೊಂಡ ಹಾಗಾಯ್ತು. ಮೊದಲಿನ ಹಾಗೇ."

"ಇಲ್ಲ, ನಾನು ಕೇಳಿಸ್ಕೋತಿದ್ದೆ. ಎಲ್ಲಾನೂ."

ತಾತ ಕೇಳಿಸಿಕೊಂಡರೋ ಇಲ್ಲವೋ. ಬಗ್ಗಿ ಡಬ್ಬ ತೆಗೆದುಕೊಂಡರು, ಅದನ್ನು ಏನು ಮಾಡಬೇಕೆಂದು ತಿಳಿಯದವರಂತೆ ಹಿಡಿದು ನಿಂತರು. "ಈ ಕಾಲಿನ ಅಳತೆ? ಇದೂ ಸುಳ್ಳೇನಾ?"

"ಅದೊಂದು ನನ್ನದೇ."

ತಾತ ಅವರ ಕಾಲು ನೋಡಿದರು. ಸ್ಟುಡಿಯೋದಲ್ಲಿ ಎಲ್ಲರೂ ಬರಿಗಾಲು. "ಹಾಗಾದ್ರೆ ನೀವೇ ಹಾಕ್ಕೊಳಿ" ಎಂದು ಡಬ್ಬವನ್ನು ಮೈಕಿನ ಬುಡದಲ್ಲಿಟ್ಟರು. "ನನಗೆ ಕೊಡೋಕೆ ಬೇರೆ ಯಾರೂ ಇಲ್ಲ." ಬರುವಾಗ ಹಾಕಿದಂತೆ ಮೈಕಿಗೆ ಒಂದು ನಮಸ್ಕಾರ ಹಾಕಿ ಹೋದರು. ಅವರ ಪಾತ್ರ ಸತ್ತಿತ್ತು, ಮತ್ತೆ ಕರೆಯುವ ಪ್ರಮೇಯವಿರಲಿಲ್ಲ.

ಮುಂದಿನ ಸೀಸನ್‌ಗೆ ಹುಡುಗ ಪರದೆಯ ಮೇಲೂ ಬೆಳೆದಿದ್ದ, ಮೀಸೆ ಬಂದಿತ್ತು. ದನಿ ಕೊಡಲು ನಿಜವಾದ ಯುವಕನೊಬ್ಬ ಬಂದ. ತಪ್ಪೇನಿಲ್ಲ, ಚೆನ್ನಾಗಿಯೇ ಮಾಡುತ್ತಾನೆ. ಬಾಲದಲ್ಲಿ ಕೆಮ್ಮುತ್ತಾನೆ, ಅಷ್ಟೇ. ಮರಿಯಕ್ಕನಿಗೆ ಈಗ ಜಾಹೀರಾತಿನ ಕೂಸುಗಳ ಅಳು ಸಿಗುತ್ತದೆ, ಬಂದು ಅತ್ತು ಹೋಗುತ್ತಾರೆ. ಸ್ಟುಡಿಯೋ ಬಾಗಿಲ ಹೊರಗೆ ಚಪ್ಪಲಿಗಳ ಸಾಲಿನಲ್ಲಿ ಶಾಲೆಯ ಹುಡುಗರು ಹಾಕುವಂಥ ಕಪ್ಪು ಷೂ ಕಂಡರೆ, ಅವರು ಒಳಗಿದ್ದಾರೆ ಎಂದರ್ಥ. ಸೀರೆಯ ಕೆಳಗೆ ಅದು ವಿಚಿತ್ರವಾಗಿ ಕಾಣುತ್ತದೆ. ನಗುವವರು ನಗುತ್ತಾರೆ. ನನ್ನೆದುರು ನಕ್ಕರೆ ಮಾತ್ರ ಗ್ರಹಚಾರ ಬಿಡಿಸುತ್ತೇನೆ.

ಹೋದ ವಾರ ಸಂಜೆ ನನ್ನ ಬೈಕು ಕೆಟ್ಟು ಬಸ್ ನಿಲ್ದಾಣಕ್ಕೆ ಹೋದೆ. ಕಂಬದ ಪಕ್ಕದ ಬೆಂಚಿನಲ್ಲಿ ಮರಿಯಕ್ಕ ಕುಳಿತಿದ್ದರು. ಎಲ್ಲಿಗಾದರೂ ಹೊರಟಿದ್ದಾರೇನೋ ಎಂದುಕೊಂಡೆ. ಕೈಯಲ್ಲಿ ಚೀಲವಿಲ್ಲ. ಬಸ್ಸುಗಳು ಬಂದವು, ಹೋದವು, ಅವರು ಏಳಲಿಲ್ಲ. ತಲೆಯ ಮೇಲಿನ ಸ್ಪೀಕರ್ ಕರಕರ ಎಂದಿತು. ಆಮೇಲೆ ತಾತನ ದನಿ, ಎಂದೋ ಮುದ್ರಿಸಿದ ಆ ಗಟ್ಟಿ ದನಿ, ಒಂದು ಬಸ್ಸಿನ ದಾರಿಯನ್ನು ಊರು ಊರಾಗಿ ಕೂಗಿತು. ಜನ ಕೇಳಿದರು, ಚೀಲ ಎತ್ತಿಕೊಂಡು ಓಡಿದರು.

ಕೂಗು ಮುಗಿಯಿತು. ಸ್ಪೀಕರ್ ಇನ್ನೂ ನಾಲ್ಕು ಉಸಿರಿನಷ್ಟು ಹೊತ್ತು ಕರಕರ ಎನ್ನುತ್ತಿತ್ತು. ಮರಿಯಕ್ಕ ತಲೆ ಎತ್ತಿ, ಹುಡುಗನ ದನಿಯಲ್ಲಿ, ಮೆಲ್ಲಗೆ ಅಂದರು: "ಕೇಳಿಸ್ತು ತಾತ."