ಬೆಲ್ಲ ತಿಂದ ಕೋಟು

ನಮ್ಮ ಮನೆಯವರು ಭಟ್ಟಿ ಮಿಸ್ತ್ರಿ. ಹೀಗೆಂದರೆ ಈಗಿನವರು ಮಿಠಾಯಿ ಭಟ್ಟಿಯೋ ಸಾರಾಯಿ ಭಟ್ಟಿಯೋ ಎಂದು ಕೇಳುತ್ತಾರೆ. ಎರಡೂ ಅಲ್ಲ, ಸಿಮೆಂಟ್ ಭಟ್ಟಿ. ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ದಾರಿಯಲ್ಲಿ ಆಗ ಒಂದು ಸಣ್ಣ ಕಾರ್ಖಾನೆ ಇತ್ತು. ಈಗ ಅದರ ಗೋಡೆಯೂ ಉಳಿದಿಲ್ಲ, ಹೆಸರು ಹೇಳಿ ಏನು ಮಾಡಲಿ! ಅಲ್ಲಿನ ಭಟ್ಟಿ ಎಂದರೆ ಅಡ್ಡ ಮಲಗಿಸಿದ ಭಾರಿ ಕಬ್ಬಿಣದ ಕೊಳವೆ, ಒಳಗೆ ಒಂದು ಎತ್ತಿನ ಗಾಡಿ ಹೊಡೆದುಕೊಂಡು ಹೋಗಬಹುದು. ಅದು ಸದಾ ಉರುಳುತ್ತಿರುತ್ತಿತ್ತು, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು. ಕಬ್ಬಿಣ ಕರಗದಿರಲೆಂದು ಒಳಮೈಗೆ ಬೆಂಕಿ ತಡೆಯುವ ಇಟ್ಟಿಗೆ ಜೋಡಿಸಿರುತ್ತಾರೆ. ಆ ಇಟ್ಟಿಗೆ ಉದುರಿದರೆ ಭಟ್ಟಿ ನಿಲ್ಲಿಸಬೇಕು, ಮನುಷ್ಯರು ಒಳಗೆ ಹೋಗಿ ಹಳೆಯದನ್ನು ಕೆಡವಿ ಹೊಸದನ್ನು ಕೂಡಿಸಬೇಕು. ನಮ್ಮವರ ಕೆಲಸ ಅದು.

ಭಟ್ಟಿ ಆರುವುದಕ್ಕೆ ಮೂರು ದಿನ ಬೇಕು ಎಂದು ಚಾಚಾ ಹೇಳುತ್ತಿದ್ದರು. ಚಾಚಾ ಎಂದರೆ ಶಹಾಬಾದಿನ ಹಿರಿಯ ಮಿಸ್ತ್ರಿ. ನಾಲ್ಕು ಜನರ ಆ ತಂಡಕ್ಕೆ ಅವರೇ ಮುಖ್ಯ, ನಮ್ಮವರ ಕೈಗೆ ಕರಣಿ ಕೊಟ್ಟು ಕೆಲಸ ಕಲಿಸಿದವರೂ ಅವರೇ. ಆದರೆ ಕಾರ್ಖಾನೆ ನಡೆಸುವ ದೊಡ್ಡ ಸಾಹೇಬರಿಗೆ ಮೂರು ದಿನ ಎಂದರೆ ಮೂರು ಯುಗ. ಭಟ್ಟಿ ನಿಂತ ಮರುದಿನವೇ "ನಡೀರಿ, ಒಳಗ ನಡೀರಿ" ಎಂದು ಬೆನ್ನು ಹತ್ತುತ್ತಿದ್ದರು. ಅವರಿಗೇನು, ಫ್ಯಾನಿನ ಕೆಳಗೆ ಕುಳಿತವರು!

ಈ ಕೋಟು ಹೊಲಿದದ್ದರ ಹಿಂದಿನ ಬೇಸಿಗೆಯಲ್ಲಿ ಹಾಗೆ ಬಿಸಿ ಭಟ್ಟಿಗೆ ಹೋಗಿ ಬಂದ ದಿನ ನಮ್ಮವರು ಹೊಸಲಿನ ಹೊರಗೇ ಚಪ್ಪಲಿ ಬಿಟ್ಟು ನಿಂತು ನನಗೆ ಸೆಲ್ಯೂಟ್ ಹೊಡೆದರು. "ಒಳಗ ಬರಲೇನ್ರಿ ಸಾಹೇಬ್ರ?" ಎಂದರು. ಮದುವೆಯಾಗಿ ಆರು ವರ್ಷ, ಆ ಮನುಷ್ಯ ನನ್ನನ್ನು ಬಹುವಚನದಲ್ಲಿ ಮಾತನಾಡಿಸಿದ್ದು ಅದೇ ಮೊದಲು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಖುಷಿಯೇ ಆಯಿತು. ಆಮೇಲೆ ಬೆನ್ನು ಮುಟ್ಟಿ ನೋಡಿದರೆ ರೊಟ್ಟಿ ಹಂಚು, ಕಾವು ತಲೆಗೇರಿತ್ತು. ಮರುದಿನ ಮಧ್ಯಾಹ್ನದ ತನಕ ಮೂತ್ರ ಬರಲಿಲ್ಲ. ಇನ್ನೊಂದು ಸಲ ಹೀಗೆ ಹೋದರೆ ಈ ಮನುಷ್ಯ ನನಗೆ ತಿರುಗಿ ಸಿಗುವುದಿಲ್ಲ ಎಂದು ಆವತ್ತೇ ನನ್ನ ಎದೆಗೆ ಹೊಕ್ಕಿತು.

ಅವರ ರಕ್ಷಣೆಗೆಂದು ಇದ್ದದ್ದು ಒದ್ದೆ ಗೋಣಿಚೀಲ, ತಲೆಗೊಂದು ಹೆಗಲಿಗೊಂದು. ಕಾವು ತಲೆಗೇರದಿರಲೆಂದು ಟೊಪ್ಪಿಗೆಯೊಳಗೆ ಒಂದು ಉಳ್ಳಾಗಡ್ಡಿ. ಗೋಣಿಚೀಲ ಒಳಗೆ ಹೋಗಿ ಮೂರು ಇಟ್ಟಿಗೆ ಕೆಡವುವಷ್ಟರಲ್ಲಿ ಒಣಗಿ ಗರಿಗರಿ ಹಪ್ಪಳ. ಕಾಲಿಗೆ ಟೈರಿನ ಚಪ್ಪಲಿ. ಒಮ್ಮೆ ಅದು ಇಟ್ಟಿಗೆಗೆ ಅಂಟಿಕೊಂಡು ನಮ್ಮವರ ಕಾಲು ಮಾತ್ರ ಹೊರಗೆ ಬಂದಿತ್ತು.

ಉಪಾಯ ಹೊಳೆದದ್ದು ಕಾಗಿಣಾ ಹೊಳೆಯಲ್ಲಿ ಕೌದಿ ಒಗೆಯುವಾಗ. ಹಳೆಯ ಸೀರೆಗಳನ್ನು ಪದರ ಪದರ ಕೂಡಿಸಿ ಹೊಲಿದ ಕೌದಿ ಒಮ್ಮೆ ನೀರು ಕುಡಿಯಿತೆಂದರೆ ಬಿಡುವ ಜಾತಿಯಲ್ಲ. ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಹಿಂಡಿದರೂ ನಮ್ಮ ಬಿಸಿಲಿನಲ್ಲೇ ಎರಡು ದಿನ ತೊಟ್ಟಿಕ್ಕುತ್ತದೆ. ಇದನ್ನು ಬಿಟ್ಟು ಆ ದರಿದ್ರ ಗೋಣಿ ಯಾಕೆ ಎನ್ನಿಸಿತು. ಮನೆಗೆ ಬಂದವಳೇ ಕತ್ತರಿ ಹಿಡಿದೆ. ಒಂದು ಕೌದಿ ಹೋಯಿತು, ತೋಳು, ತಲೆಗೆ ಕುಂಚಿಗೆ ಎಲ್ಲ ಸೇರಿದ ಒಂದು ಕೋಟು ಬಂತು. ಹೊಟ್ಟೆಯ ಮೇಲೆ ದೊಡ್ಡದೊಂದು ಗುಲಾಬಿ ಹೂ, ಬೆನ್ನಿಗೆ ಅತ್ತೆಯ ಇಳಕಲ್ ಸೀರೆಯ ಸೆರಗು. ನನಗೆ ಚಂದವೇ ಕಂಡಿತು.

ನಮ್ಮವರು ಅದನ್ನು ಹಾವು ನೋಡಿದ ಹಾಗೆ ನೋಡಿದರು.

"ನಮ್ಮವ್ವನ ಸೀರಿ ಉಟ್ಕೊಂಡು ಭಟ್ಟಿಗಿ ಹೋಗಲೇನು? ಮಂದಿ ಏನ್ ಅಂದಾರು?"

"ಮಂದಿ ಬಂದು ನಿಮ್ಮ ಬೆನ್ನಿಗಿ ಎಣ್ಣಿ ಹಚ್ಚತಾರೇನ್ರಿ?"

"ಸತ್ರೂ ಹಾಕ್ಕೊಳ್ಳಾಂಗಿಲ್ಲ."

"ಸತ್ತ ಮ್ಯಾಲ ಹಾಕ್ಕೊಂಡು ಏನ್ ಮಾಡ್ತೀರಿ!" ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಮ್ಮ ಅತ್ತೆ ಊರಿಗೆಲ್ಲ ಹೇಳಿದ್ದಾರೆ. ಮರುದಿನ ಬುತ್ತಿ ಒಯ್ಯುವಾಗ ಕೋಟನ್ನೂ ಕಂಕುಳಲ್ಲಿ ಹಿಡಿದುಕೊಂಡು ನೇರ ಕಾರ್ಖಾನೆಗೆ ಹೋದೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಒಂದೆರಡು ವರ್ಷವಾಗಿತ್ತು. ಮೈಸೂರು ಕಡೆಯಿಂದ ಹೊಸದಾಗಿ ಒಬ್ಬ ಸೇಫ್ಟಿ ಸಾಹೇಬರು ಬಂದಿದ್ದರು. ತೆಳ್ಳಗೆ, ಬೆಳ್ಳಗೆ, ಪಾಪದ ಮನುಷ್ಯ. ಭಟ್ಟಿ ನಿಲ್ಲಿಸು, ತಡೆ ಎಂದು ಹೇಳುವ ಅಧಿಕಾರ ಅವರಿಗಿರಲಿಲ್ಲ, ಅದೆಲ್ಲ ದೊಡ್ಡ ಸಾಹೇಬರದು. ಇವರದು ಗೋಡೆಗೆ 'ಎಚ್ಚರಿಕೆ' ಎಂದು ಬೋರ್ಡು ಹೊಡೆಸುವ ಕೆಲಸ. ನನ್ನ ಕೋಟು ಕಂಡದ್ದೇ ಅವರ ಕಣ್ಣು ಅರಳಿತು.

"ಏನಮ್ಮಾ ಇದು?"

"ಕೋಟ್ರಿ. ಭಟ್ಟ್ಯಾಗ ಹಾಕ್ಕೊಳ್ಳಲಿಕ್ಕ. ನಮ್ಮವರು ಒಲ್ಲೆ ಅಂತಾರ್ರಿ."

"ಕೊಡಿ ಇಲ್ಲಿ, ನಾನೇ ಹಾಕ್ಕೊಂಡು ನೋಡ್ತೀನಿ."

ಹಾಕಿಕೊಂಡೇಬಿಟ್ಟರು. ಮೇಲೆ ಎರಡು ಬಕೆಟ್ ನೀರು ಸುರಿಸಿಕೊಂಡು, ಉರಿಯುತ್ತಿದ್ದ ಭಟ್ಟಿಯ ಬಾಯಿಯ ಎದುರು ಹೊಟ್ಟೆಯ ಗುಲಾಬಿ ಮುಂದೆ ಮಾಡಿ ನಿಂತರು. ಕೂಲಿಯವರೆಲ್ಲ ಕೆಲಸ ಬಿಟ್ಟು ನೋಡಿದರು. ಹತ್ತು ನಿಮಿಷ ಬಿಟ್ಟು ಈಚೆ ಬಂದಾಗ ಅವರ ಮೂಗು ಮಾತ್ರ ಕೆಂಪು, ಮೈಯೆಲ್ಲ ತಂಪು. "ಸೊಗಸಾಗಿದೆ ಕಣಮ್ಮಾ!" ಎಂದು ಕೂಗಿದರು. ಆದರೆ ನೀರು ಕುಡಿದ ಕೋಟು ಹೋರಿಕರುವಿನಷ್ಟು ತೂಕ ಬಂದಿತ್ತು. ಬಿಚ್ಚಲು ಬಾರದೆ ಇಬ್ಬರು ತೋಳು ಹಿಡಿದು ಎಳೆದಾಗ ಸಾಹೇಬರೂ ಕೋಟೂ ಬೇರೆ ಬೇರೆ ದಿಕ್ಕಿಗೆ ಬಿದ್ದರು. ಎದ್ದು ಧೂಳು ಝಾಡಿಸಿಕೊಂಡು, ಇಂಥವೇ ಇನ್ನೂ ಮೂರು ಹೊಲಿಯಬೇಕು, ನಾಲ್ವರೂ ಮಿಸ್ತ್ರಿಗಳು ಹಾಕಲೇಬೇಕು, ಇದು ಆರ್ಡರ್ ಎಂದರು. ನಮ್ಮವರು ದೂರದಲ್ಲಿ ನಿಂತು ನನ್ನನ್ನು ತಿಂದುಬಿಡುವಂತೆ ನೋಡುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಮನೆಗೆ ಬಂದೆ.

ಓಣಿಯ ಹೆಂಗಸರೆಲ್ಲ ಹಳೆಯ ಸೀರೆ ಕೊಟ್ಟರು, ಎಂಟು ದಿನ ಕುಳಿತು ಹೊಲಿದೆ. ಇಲ್ಲಿ ಒಂದು ಮಾತು ಹೇಳಬೇಕು. ಕಾಳಗಿಯ ನನ್ನ ತವರಿನಲ್ಲಿ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಒಳಗಿಟ್ಟು ಹೊಲಿಯುವ ರೂಢಿ. "ಹಸದ ಕೌದಿ ಹೊತ್ತವರನ್ನ ತಿಂತದ" ಎನ್ನುತ್ತಿದ್ದಳು ನಮ್ಮವ್ವ. ಮಂಚದ ಮೇಲಿನ ಕೌದಿಗೇ ಒಂದು ಚೂರು ಬೇಕಾದರೆ ಬೆಂಕಿಗೆ ಹೋಗುವ ಕೌದಿಗೆ ಎಷ್ಟು ಬೇಕು, ನೀವೇ ಹೇಳಿ. ಮೊದಲಿನದರ ಅಂಚನ್ನೂ ಬಿಚ್ಚಿ, ನಾನು ನಾಲ್ಕೂ ಕೋಟಿನ ಕೊರಳಪಟ್ಟಿಗೂ ತೋಳಿನ ತುದಿಗೂ ಕೆಳಗಿನ ಅಂಚಿಗೂ ಸುತ್ತಲೂ ಬೆಲ್ಲ ತುಂಬಿದೆ. ಒಂದು ಅಚ್ಚು ಪೂರ್ತಿ ಹೋಯಿತು. ಪ್ರತಿ ಹೊಲಿಗೆಗೂ 'ನೀ ಉಂಡು ಸುಮ್ಮನಿರು, ಅವರನ್ನು ಮುಟ್ಟಬೇಡ' ಎಂದು ಹೇಳಿಕೊಂಡೆ.

ಕಡು ಬೇಸಿಗೆಯಲ್ಲೇ ಇಟ್ಟಿಗೆ ಉದುರಿತು. ಭಟ್ಟಿ ನಿಂತಿತು. ಕೋಟುಗಳನ್ನು ಆವತ್ತು ಸಂಜೆಯೇ ಒಯ್ದು ಮಿಸ್ತ್ರಿಗಳ ಶೆಡ್ಡಿನ ಮೊಳೆಗೆ ನೇತುಹಾಕಿದರು. ಮರುದಿನ, ದೊಡ್ಡ ಸಾಹೇಬರ ಪದ್ಧತಿಯಂತೆ, ಒಳಗೆ ಹೋಗಬೇಕೆಂದು ಹುಕುಂ. ಭಟ್ಟಿ ಆರಿರಲಿಲ್ಲ. ಚಾಚಾ ಅದರ ಮೈಗೆ ಉಗುಳಿ ನೋಡಿದರು, ಚುಂಯ್ ಎಂದಿತು. "ಇನ್ನಾ ಎರಡು ದಿನ ಬೇಕ್ರಿ ಸಾಬ್" ಎಂದದ್ದಕ್ಕೆ "ಈಗ ಕೋಟ್ ಅದಾವಲ್ಲ!" ಎಂದು ದೊಡ್ಡ ಸಾಹೇಬರ ಉತ್ತರ ಬಂತು. ಮಜ್ಜಿಗೆಯ ಕೊಡ ಹೊತ್ತು ನಾನೂ ಅಲ್ಲೇ ನಿಂತಿದ್ದೆ. ಗಂಡನನ್ನು ಉಳಿಸಲು ಹೊಲಿದ ಕೋಟೇ ಅವರನ್ನು ಜಲ್ದಿ ಒಳಗೆ ತಳ್ಳುತ್ತಿತ್ತು.

ಕೋಟು ಪೂರ್ತಿ ನೆನೆಸಿದರೆ ಏಳಲಾಗುವುದಿಲ್ಲವೆಂದು ಮೇಲಿಂದ ಮೇಲೆ ನೀರು ಚಿಮುಕಿಸಿ ನಾಲ್ವರೂ ಒಳಗೆ ಹೋದರು. ಕಾಲು ಗಂಟೆ ಆಗಿರಬಹುದು. ಒಳಗಿನಿಂದ "ಅಯ್ಯಯ್ಯಯ್ಯೋ!" ಎಂದು ಕೇಳಿತು. ಮೊದಲು ಒಬ್ಬ ಹಾರಿ ಬಂದ, ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ನಮ್ಮವರು. ಬಂದವರೇ ಕುಣಿಯತೊಡಗಿದರು. ಒಬ್ಬ ಒಂಟಿ ಕಾಲಲ್ಲಿ, ಒಬ್ಬ ಸೊಂಟ ತಿರುವುತ್ತ, ನಮ್ಮವರು ಎರಡೂ ಕೈಯಿಂದ ತಮ್ಮ ಕುಂಡೆಗೆ ತಾವೇ ಬಾರಿಸಿಕೊಳ್ಳುತ್ತ! ಕೋಟು ಕಿತ್ತು ಎಸೆದರು. ನಮ್ಮವರದು ನನ್ನ ಕಾಲ ಬಳಿ ಬಿತ್ತು. ನೋಡುತ್ತೇನೆ, ಅಂಚಿನ ತುಂಬ ಕೆಂಪಿರುವೆ! ರಾತ್ರಿಯೆಲ್ಲ ಬೆಲ್ಲಕ್ಕೆ ಸಾಲು ಹಿಡಿದು ಬಂದು ಪದರದೊಳಗೆ ಸಂಸಾರ ಹೂಡಿದ್ದವು. ಹೊರಗಿನಿಂದ ಬಿಸಿ ತಗುಲಿದ ಕೂಡಲೇ ಒಳಗೆ ಮೈಯ ಕಡೆಗೆ ಹೊರಟಿವೆ. ಯವ್ವಾ, ಭೂಮಿ ಬಾಯಿ ತೆರೆಯಬಾರದೇ ಎನ್ನಿಸಿತು.

ಸೇಫ್ಟಿ ಸಾಹೇಬರು ಓಡಿ ಬಂದರು. ಅವರಿಗೆ ಇರುವೆ ಕಾಣಲಿಲ್ಲ, ಕುಣಿತ ಕಂಡಿತು. "ಸಾರ್! ಕಾವು ತಲೆಗೇರಿದೆ ಸಾರ್! ಬುದ್ಧಿ ಭ್ರಮಣೆ ಆಗಿದೆ. ಮೂರು ದಿನ ಯಾರನ್ನೂ ಒಳಗೆ ಬಿಡಕೂಡದು" ಎಂದು ಅಲ್ಲಿಗೆ ಬಂದ ದೊಡ್ಡ ಸಾಹೇಬರ ಮುಂದೆ ಬೇಡಿಕೊಂಡರು.

ದೊಡ್ಡ ಸಾಹೇಬರು ಸೊಂಟಕ್ಕೆ ಕೈಯಿಟ್ಟು ನೋಡಿದರು. ಅಷ್ಟರಲ್ಲಿ ಕೋಟು ಕಿತ್ತವರೆಲ್ಲ ತುರಿಸಿಕೊಳ್ಳುತ್ತ ತಣ್ಣಗಾಗಿದ್ದರು. "ಅರೇ, ಈಗ ಆರಾಮ ಆಗ್ಯಾರಲ್ಲ. ಹತ್ತು ಮಿನಿಟ್ ಕುಂದ್ರಲಿ, ಆಮ್ಯಾಲ ಹೋಗಲಿ" ಎಂದರು. ಆಮೇಲೆ ಭಟ್ಟಿಯ ಬಾಯಿಯ ಕಡೆ ಬೆರಳು ತೋರಿಸಿ, "ಆ ಮುದುಕನ್ನ ನೋಡಿ ಕಲೀರಿ. ಹೆಂಗ ಸುಮ್ಮ ಕುಂತಾನ!"

ಆಗಲೇ ಎಲ್ಲರೂ ಚಾಚಾನನ್ನು ನೋಡಿದ್ದು. ಯಾವಾಗ ಹೊರಗೆ ಬಂದಿದ್ದರೋ, ಗೋಡೆಗೆ ಒರಗಿ ಕುಳಿತಿದ್ದರು. ಕೋಟು ಮೈಮೇಲೇ ಇತ್ತು. ಅವರ ಕುತ್ತಿಗೆಯ ಮೇಲೂ ಇರುವೆ ಹರಿಯುತ್ತಿದ್ದವು. ಅವರು ಕೈ ಎತ್ತಲಿಲ್ಲ. ಹಣೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ಒಂದು ಹನಿ ಬೆವರಿಲ್ಲ. ಭಟ್ಟಿಯವರ ಹೆಂಡತಿಯರಿಗೆಲ್ಲ ಗೊತ್ತು, ಬೆವರು ಹರಿಯುವವನಿಗೆ ಅಂಜಬೇಕಿಲ್ಲ, ಬೆವರು ನಿಂತವನಿಗೆ ಅಂಜಬೇಕು.

ದೊಡ್ಡ ಸಾಹೇಬರು ನಮ್ಮವರ ಕಡೆ ತಿರುಗಿದರು. "ಏನಾಗಿತ್ತು ನಿನಗ? ಖರೇ ಹೇಳು."

ನಮ್ಮವರು ಬಾಯಿ ತೆರೆದರು. ಅವರ ಕೈಯಲ್ಲಿ ಒಂದು ಸತ್ತ ಇರುವೆ ಇತ್ತು, ಕಣ್ಣು ನನ್ನ ಮೇಲಿತ್ತು. ಇವಳು ಬೆಲ್ಲ ಹಾಕಿದ್ದಾಳೆ, ಇರುವೆ ಕಡಿದವು, ನನಗೆ ಹುಚ್ಚು ಹಿಡಿದಿಲ್ಲ ಎಂದು ಹೇಳಿದರೆ ಅವರ ಮಾನ ಉಳಿಯುತ್ತಿತ್ತು. ಮಾನಕ್ಕೆ ಭಾಳ ಅಂಜುವ ಮನುಷ್ಯ, ಸ್ವಂತ ತಂಗಿಯ ಮದುವೆಯ ಬಾಜಾದ ಮುಂದೆಯೂ ಒಂದು ಹೆಜ್ಜೆ ಹಾಕದೆ ಕಂಬದ ಹಾಗೆ ನಿಂತವರು. ಆದರೆ ಇರುವೆ ಎಂದರೆ ಹತ್ತು ನಿಮಿಷಕ್ಕೆ ನಾಲ್ವರೂ ಮತ್ತೆ ಒಳಗೆ. ಅವರು ಚಾಚಾನ ಕಡೆ ನೋಡಿದರು. ಬಾಯಿ ಮುಚ್ಚಿದರು.

ನನ್ನ ಕಾಲ ಬಳಿ ಬಿದ್ದಿದ್ದ ಕೋಟನ್ನು ಎತ್ತಿಕೊಂಡರು. ಇರುವೆಗಳ ಸಮೇತ ತೋಳು ತೂರಿಸಿ ಹಾಕಿಕೊಂಡರು, ಕುಂಚಿಗೆಯನ್ನೂ ಏರಿಸಿದರು. ಹೊಟ್ಟೆಯ ಗುಲಾಬಿಯನ್ನು ದೊಡ್ಡ ಸಾಹೇಬರ ಮುಖಕ್ಕೆ ಹಿಡಿದು ಕುಣಿದರು. ಏನು ಕುಣಿತ ಅದು! ಸೊಂಟಕ್ಕೆ ಕೈಯಿಟ್ಟು ಗಿರಗಿರ ತಿರುಗಿದರು, ಸೆರಗು ಬೀಸಿದರು, ನೆಲಕ್ಕೆ ಕುಕ್ಕರಿಸಿ ಕಪ್ಪೆಯಂತೆ ಜಿಗಿದರು, ಒಮ್ಮೆ ಸಾಹೇಬರ ಟೊಪ್ಪಿಗೆ ಕಿತ್ತು ಮುದ್ದಿಟ್ಟು ಸೇಫ್ಟಿ ಸಾಹೇಬರ ತಲೆಗೆ ಇಟ್ಟರು. ಉಳಿದಿಬ್ಬರಿಗೂ ತಿಳಿಯಿತು, ಅವರೂ ಕೋಟು ಹಾಕಿಕೊಂಡು ಸೇರಿದರು. ಇಡೀ ಕಾರ್ಖಾನೆ ನೋಡುತ್ತಿತ್ತು.

ದೊಡ್ಡ ಸಾಹೇಬರು ಹಿಂದೆ ಸರಿದು ಸರಿದು ಜೀಪಿನೊಳಗೇ ಸೇರಿಕೊಂಡರು. "ಮೂರು ದಿನ! ಮೂರು ದಿನ ಯಾರೂ ಒಳಗ ಹೋಗಬ್ಯಾಡ್ರಿ! ಇವರನ್ನ ಹಿಡೀರಿ ಮೊದಲ!" ಎಂದು ಅಲ್ಲಿಂದಲೇ ಕೂಗಿದರು. ಜೀಪು ಗೇಟು ದಾಟಿತು.

ಅದು ದಾಟಿದ ಕ್ಷಣವೇ ನಮ್ಮವರು ಚಾಚಾನ ಹತ್ತಿರ ಓಡಿದರು. ಅವರ ಕೋಟು ಬಿಡಿಸಿ, ಎತ್ತಿಕೊಂಡು ಬೇವಿನ ನೆರಳಿಗೆ ತಂದು ಮಲಗಿಸಿದರು. ನಾನು ಕೋಟಿಗೆ ಚಿಮುಕಿಸಿ ಉಳಿದಿದ್ದ ನೀರೆಲ್ಲ ತಲೆಗೆ ಸುರಿದೆ, ಸೆರಗಿನಿಂದ ಗಾಳಿ ಹಾಕಿದೆ, ನಮ್ಮವರು ಉಪ್ಪು ಬೆರೆಸಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಬಾಯಿಗೆ ಬಿಟ್ಟರು. "ಚಾಚಾ, ಕಣ್ ತೆಗೀರಿ ಚಾಚಾ" ಎನ್ನುತ್ತ ಕೆನ್ನೆ ತಟ್ಟಿದರು. ನಾನಂತೂ ಬಾಯಿಬಿಟ್ಟು ಅಳುತ್ತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಚಾಚಾ ಕಣ್ಣು ತೆರೆದು ಗುಲಾಬಿ ಹೂವನ್ನೇ ನೋಡುತ್ತ, "ಅರೇ ಬೇಟಾ, ಇಷ್ಟ್ ಛಲೋ ಕುಣೀತಿ ಅಂತ ಗೊತ್ತಿದ್ರ ನನ್ನ ಮಗಳ ಶಾದಿಗಿ ಕರೀತಿದ್ದೆ" ಎಂದರು. ಹಾಗೆನ್ನುವಾಗಲೇ ಅವರ ಹಣೆಯ ಮೇಲೆ ಬೆವರು ಸಣ್ಣಗೆ ಒಡೆಯಿತು, ಒಂದು ಹನಿ ಹುಬ್ಬಿನ ಮೇಲೆ ಇಳಿಯಿತು. ನಮ್ಮವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು, ಬೆವರೇ ಹೌದು ಎಂದು ಖಾತ್ರಿ ಮಾಡಿಕೊಂಡರು.

ಆಮೇಲೆ ಅವರಿಗೆ ಕೋಟು ಇನ್ನೂ ಮೈಮೇಲಿದೆ ಎಂದು ನೆನಪಾಯಿತು. "ಅಯ್ಯಯ್ಯೋ, ಇರುವಿ!" ಎಂದು ಚೀರಿ ಎದ್ದು ಮತ್ತೆ ಕುಣಿಯತೊಡಗಿದರು.