ಮೋಟುಗಾಲಿಯ ಮೊಟ್ಟೆಗಳು

ಸ್ಟುಡಿಯೋ ಸಿಡುಕಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ. ಪಾಸ್‌ಪೋರ್ಟ್ ಫೋಟೋಗೆ ಸ್ಟೂಲಿನ ಮೇಲೆ ಕೂತವರು ಕೊಂಚ ನಕ್ಕರೂ ಸಾಕು, "ಇಲ್ಲೇನು ಮದುವೆ ನಡೀತಿದ್ಯಾ? ಬಾಯಿ ಮುಚ್ಚಿ" ಅನ್ನುತ್ತಿದ್ದ. ಅಳುವ ಮಗುವಿನ ಜೊತೆಗೆ ಅದರ ತಾಯಿಯನ್ನೂ ಅಳಿಸಿ ಕಳಿಸಿದ ಖ್ಯಾತಿ ಅವನದು. ಇಂಥ ಮನುಷ್ಯನಿಗೆ ತಾಳ್ಮೆ ಅಂತ ಏನಾದರೂ ಇದ್ದರೆ ಅದು ಸಮುದ್ರದ ತಳದಲ್ಲಿತ್ತು. ಭಾನುವಾರ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದನೆಂದರೆ, ಉಗುರಿನಷ್ಟಿರುವ ಸಿಗಡಿಯೊಂದು ಬಿಲದಿಂದ ಮೀಸೆ ಹೊರಹಾಕುವವರೆಗೂ ಕ್ಯಾಮೆರಾ ಹಿಡಿದು ಕಾಯುತ್ತಿದ್ದ.

ಆದರೆ ಒಬ್ಬನೇ ಇಳಿಯುವಂತಿರಲಿಲ್ಲ. ದೋಣಿಯ ಒಡತಿಯದು ಒಂದೇ ಮಾತು: "ಜೋಡಿ ಇದ್ರೆ ಬನ್ನಿ, ಇಲ್ದಿದ್ರೆ ದಡದಲ್ಲೇ ಕಾಲು ತೊಳ್ಕೊಂಡು ಹೋಗಿ." ಸಿಡುಕಪ್ಪನ ಜೊತೆ ಒಮ್ಮೆ ಇಳಿದವರು ಎರಡನೇ ಸಲ ಬರುತ್ತಿರಲಿಲ್ಲ. ಉಳಿದವನು ಹೆಂಡತಿಯ ತಮ್ಮ ಒಬ್ಬನೇ. ಭಾವ ಭಾಮೈದರದೋ ಎಣ್ಣೆ ಸೀಗೆಕಾಯಿ ಸಂಬಂಧ. ಭಾಮೈದನಿಗೆ ಬೇಕಾದದ್ದು ಶಾರ್ಕ್, ಅದೂ ಹಲ್ಲು ಕಿರಿದ ಶಾರ್ಕ್. ತನ್ನ ಪಾಡಿಗೆ ಈಜುವ ಶಾರ್ಕ್ ಯಾರಿಗೂ ಹಲ್ಲು ಕಿರಿಯುವುದಿಲ್ಲವಲ್ಲ, ಅದಕ್ಕೇ ಮೀನಿನ ಕರುಳು ತುಂಬಿದ ಬಲೆಚೀಲವೊಂದನ್ನು ಒಡತಿಯ ಕಣ್ಣು ತಪ್ಪಿಸಿ ಒಯ್ಯುತ್ತಿದ್ದ.

"ಇದು ಫೋಟೋ ತೆಗೆಯೋದಲ್ಲ ಕಣೋ, ಹೋಟೆಲ್ ನಡೆಸೋದು" ಎಂದು ಸಿಡುಕಪ್ಪ ಹಲ್ಲು ಕಡಿಯುತ್ತಿದ್ದ.

"ನೀವು ಹುಳ ಹೆಕ್ತಾ ಇರಿ ಭಾವ, ನನ್ನ ಸುದ್ದಿ ನಿಮಗ್ಯಾಕೆ?" ಎಂದು ಅವನು ನಗುತ್ತಿದ್ದ. ನೀರಿನೊಳಗೆ ಮಾತಾಡಲು ಬರುವುದಿಲ್ಲವೆಂದೇ ಈ ಜೋಡಿ ಅಷ್ಟು ದಿನ ಬಾಳಿತು.

ಆ ವರ್ಷ ಸಿಡುಕಪ್ಪನಿಗೆ ಒಂದೇ ಧ್ಯಾನ. ಬಂಡೆಯ ಸಂದಿಯಲ್ಲಿ ಪುಟ್ಟ ಆಕ್ಟೋಪಸ್ ಒಂದು ಮೊಟ್ಟೆ ಇಟ್ಟಿತ್ತು. ಅದರ ಎಂಟು ಕಾಲುಗಳಲ್ಲಿ ಒಂದು ಮೋಟು. ಯಾವಾಗಲೋ ತುಂಡಾಗಿ, ಮತ್ತೆ ಬೆಳೆಯುವಾಗ ತುದಿ ಎರಡಾಗಿ ಕವಲೊಡೆದಿತ್ತು. ಅವನು ಅದಕ್ಕೆ ಮೋಟುಗಾಲಿ ಎಂದು ಹೆಸರಿಟ್ಟ. ಅವಳು ಊಟ ಬಿಟ್ಟು, ಮೊಟ್ಟೆಗಳ ಮೇಲೆ ನೀರೂದುತ್ತ, ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಮರಿಗಳು ಹೊರಬಂದ ಮೇಲೆ ಸಾಯುತ್ತಾಳೆ, ಅವಳ ಜಾತಿಯ ಬದುಕೇ ಅಷ್ಟು. ಆ ಮರಿಗಳು ಹೊರಬೀಳುವ ಫೋಟೋ ಒಂದು ಸಿಕ್ಕರೆ ಈ ಜನ್ಮಕ್ಕೆ ಬೇರೇನೂ ಬೇಡ ಎಂದು ಅವನು ಮನೆಯಲ್ಲಿ ಹೇಳಿದ್ದ.

"ನಾನು ಬಸುರಿ ಇದ್ದಾಗ ಇಷ್ಟು ಸಲ ಬಂದು ನೋಡಿದ್ರೇನ್ರೀ?" ಎಂದು ಹೆಂಡತಿ ಮೂದಲಿಸಿದ್ದಳು.

ಮೊಟ್ಟೆಗಳೊಳಗೆ ಕಪ್ಪು ಚುಕ್ಕಿಯಂಥ ಕಣ್ಣುಗಳು ಮೂಡಿದವು. ಇನ್ನೇನು ಮುಂದಿನ ಭಾನುವಾರ ಮರಿಗಳು ಹೊರಬಂದೇ ಬರುತ್ತವೆ ಎಂದುಕೊಂಡ. ಆ ಭಾನುವಾರ ದೋಣಿಯಲ್ಲಿ ಕೂತು, ಕ್ಯಾಮೆರಾ ಪೆಟ್ಟಿಗೆಗೆ ನೀರು ನುಗ್ಗದಂತೆ ತಡೆಯುವ ರಬ್ಬರ್ ಬಳೆಯನ್ನು ಒರೆಸಿದ್ದೇ ಒರೆಸಿದ್ದು.

"ನೀವು ಅದಕ್ಕೆ ಎಣ್ಣೆ ಹಚ್ಚಿ ತಲೆ ಬಾಚ್ತಾ ಇರಿ, ನಾನು ಮುಂದೆ ಹೋಗಿರ್ತೀನಿ" ಎಂದ ಭಾಮೈದ, ಒಡತಿ ಬೈಯುವಷ್ಟರಲ್ಲಿ ಧುಮುಕಿಯಾಗಿತ್ತು.

ಸಿಡುಕಪ್ಪ ಇಳಿದು ಹೋದಾಗ ಸಂದಿಯ ಬಾಯಿಯ ಕಲ್ಲುಗಳು ಉರುಳಿದ್ದವು. ಮೋಟುಗಾಲಿ ಇರಲಿಲ್ಲ. ಸಣ್ಣ ಮೀನುಗಳ ಹಿಂಡೊಂದು ಒಳಗೆ ನುಗ್ಗಿ ಮೊಟ್ಟೆಗಳನ್ನು ಕಿತ್ತು ತಿನ್ನುತ್ತಿತ್ತು. ಅವನಿಗೆ ಕ್ಯಾಮೆರಾದ ನೆನಪೇ ಆಗಲಿಲ್ಲ. ಕೈ ಬೀಸಿದ, ಎರಡೂ ಅಂಗೈಗಳನ್ನು ಸಂದಿಗೆ ಅಡ್ಡ ಹಿಡಿದ. ಮೀನುಗಳು ಬೆರಳ ಸಂದಿಯಲ್ಲೇ ತೂರಿ ಹೋದವು. ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು ಕೆಂಪಿಗೆ ಬಿದ್ದು ಭಾಮೈದ ರಟ್ಟೆ ಹಿಡಿದು ಎಳೆಯುವವರೆಗೂ ಹಾಗೇ ನಿಂತಿದ್ದ. ಮಾಸ್ಕಿನೊಳಗೆ ಅತ್ತದ್ದು ಯಾರಿಗೂ ಕಾಣಲಿಲ್ಲ.

ಮರುದಿನ ಭಾಮೈದ ಸ್ಟುಡಿಯೋಗೆ ಬಂದು ಮೆಮೊರಿ ಕಾರ್ಡ್ ಚಾಚಿದ. "ದೊಡ್ಡದಾಗಿ ಪ್ರಿಂಟ್ ಹಾಕಿ ಭಾವ. ಅಕ್ಕ ಹಾಲ್‌ನಲ್ಲಿ ತೂಗುಹಾಕ್ತಾಳಂತೆ."

ಪರದೆಯ ಮೇಲೆ ಶಾರ್ಕ್ ಬಾಯ್ದೆರೆದು ಬರುತ್ತಿತ್ತು. ಹಲ್ಲುಗಳ ನಡುವೆ ಏನೋ ಜೋತಾಡುತ್ತಿತ್ತು. ಸಿಡುಕಪ್ಪ ಅಷ್ಟನ್ನೇ ಹಿಗ್ಗಿಸಿ ನೋಡಿದ. ಮೋಟು ಕಾಲು, ತುದಿಯಲ್ಲಿ ಎರಡು ಕವಲು.

"ಚೀಲ ಎಲ್ಲಿ ಕಟ್ಟಿದ್ದೆ?"

"ನಿಮ್ಮ ಬಂಡೆ ಹತ್ರಾನೇ. ಅಲ್ಲಿ ಬೆಳಕು ಚೆನ್ನಾಗಿತ್ತು."

"ಅವಳು ಅಲ್ಲಿರೋದು ಗೊತ್ತಿತ್ತು ನಿಂಗೆ."

"ಶಾರ್ಕ್ ಸಂದಿಗೆ ಮೂತಿ ತೂರಿಸುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ? ಹೇಗಿದ್ರೂ ಸಾಯೋ ಜೀವ ಅಂತ ನೀವೇ ಹೇಳಿದ್ರಲ್ಲ."

ಸಿಡುಕಪ್ಪನ ಮೈಯೆಲ್ಲ ಉರಿಯಿತು. ಶಾರ್ಕಿನ ಮೇಲಲ್ಲ, ಅದನ್ನು ಊಟಕ್ಕೆ ಕರೆದವನ ಮೇಲೆ. ಆದರೂ ಪ್ರಿಂಟ್ ಹಾಕಿದ. ಒಂದು ಗೆರೆ ತಪ್ಪದಂತೆ ಹಾಕಿ, ಸುತ್ತಿ ಅವನ ಎದೆಗೆ ಒತ್ತಿದ.

"ತಗೊಂಡು ತೊಲಗು. ಇನ್ಮೇಲೆ ನಿನ್ನ ಜೊತೆ ನೀರಿಗಿಳಿಯಲ್ಲ."

"ನನ್ನ ಬಿಟ್ರೆ ನಿಮ್ಮ ಜೊತೆ ಇನ್ಯಾರು ಬರ್ತಾರೆ?"

"ಯಾರೂ ಬರಲ್ಲ."

"ಮತ್ತೆ?"

"ಮತ್ತೆ ಏನಿಲ್ಲ. ಮುಗೀತು."

ಹೆಂಡತಿ ಹಿಗ್ಗಿನಿಂದ ಫೋಟೋವನ್ನು ಹಾಲ್‌ನಲ್ಲಿ, ಅವನು ಊಟಕ್ಕೆ ಕೂರುವ ಜಾಗದ ಎದುರಿಗೇ ತೂಗುಹಾಕಿದಳು. ಅವನು ಬೈಯಲಿಲ್ಲ, ತಟ್ಟೆ ತಳ್ಳಲಿಲ್ಲ. ಅವಳಿಗೆ ಹೆದರಿಕೆಯಾದದ್ದೇ ಅದಕ್ಕೆ.

"ಏನ್ರೀ ಅದನ್ನೇ ನೋಡ್ತಿದೀರ?"

ಅವನು ಎದ್ದು ಹೋಗಿ, ಕವಲೊಡೆದ ತುದಿಯ ಮೇಲೆ ಬೆರಳಿಟ್ಟ. ಅವಳು ಹತ್ತಿರ ಬಂದು ತುಂಬ ಹೊತ್ತು ನೋಡಿದಳು.

"ಮರಿಗಳು?"

"ಒಂದೂ ಉಳೀಲಿಲ್ಲ. ನಿನ್ನ ತಮ್ಮ ಶಾರ್ಕ್ ಕರೆಯೋಕೆ ಕರುಳಿನ ಚೀಲ ಕಟ್ಟಿದ್ದು ಅವಳ ಬಾಗಿಲಲ್ಲೇ."

ಮುಂದಿನ ಭಾನುವಾರ ಬೆಳಿಗ್ಗೆ ಭಾಮೈದ ಏನೂ ಆಗದವನಂತೆ ಬಾಗಿಲು ತಟ್ಟಿ, "ಭಾವನ್ನ ಕಳಿಸಕ್ಕ, ದೋಣಿ ಹೊರಡುತ್ತೆ" ಎಂದ. ಅವಳು ಬಾಗಿಲನ್ನು ಅರ್ಧ ತೆರೆದು, ಗೋಡೆಯಿಂದ ಇಳಿಸಿಟ್ಟಿದ್ದ ಫೋಟೋವನ್ನು ಅವನ ಕೈಗೆ ಕೊಟ್ಟಳು.

"ಅವರು ಬರಲ್ಲ. ನೀನೂ ಇನ್ಮೇಲೆ ಇಲ್ಲಿಗೆ ಬರಬೇಡ" ಎಂದು ತಮ್ಮನ ಮುಖಕ್ಕೆ ಹೇಳಿ ಬಾಗಿಲು ಹಾಕಿಕೊಂಡಳು.