ಸುಮ್ನಿರು ಅಂದ್ರೆ ಯಾರ್ ಸುಮ್ನಿರ್ತಾರೆ

ಮನೆ ಹತ್ರಾನೇ ಹೂಟಗಳ್ಳಿ ಫ್ಯಾಕ್ಟ್ರೀಲಿ ಪ್ರೆಸ್ ಮಿಷಿನ್ ಪಕ್ಕ ನಿಂತೂ ನಿಂತೂ ಕಿವಿ ಹೋಗೋ ಹಂಗಾಗಿತ್ತು. ಅದನ್ನ ಬುಟ್ಟು ಬನ್ನಿಮಂಟಪದ ಹತ್ರ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಅಟೆಂಡರ್ ಆಗಿ ಸೇರ್ಕೊಂಡೆ. ಒಳ್ಳೆ ಕೆಲ್ಸ, ತಣ್ಣಗಿರುತ್ತೆ ಅಂದಿದ್ರು. ತಣ್ಣಗೇನೋ ಇತ್ತು, ಎ.ಸಿ. ಆದ್ರೆ ಆ ಎಂ.ಆರ್.ಐ. ಮಿಷಿನ್ನು ಶುರುವಾದ್ರೆ ಅದೂ ಪ್ರೆಸ್ ಮಿಷಿನ್ನೇ. ತಗಡು ಬಡ್ದಂಗೆ ಡಬ ಡಬ ಡಬ. ಎರಡು ಸಾವಿರದ ಇಸವಿ ದಾಟಿದ್ ಮೇಲಿನ ಮಾತು ಇದು. ಆಗ ಮೈಸೂರಲ್ಲಿ ಅಂಥ ಮಿಷಿನ್ನು ಜಾಸ್ತಿ ಇರ್ಲಿಲ್ಲ.

ನನ್ನ ಕೆಲ್ಸ ಇಷ್ಟೇ. ಬಂದೋರನ್ನ ಮಲಗ್ಸೋದು, ಮೈಮೇಲೆ ಲೋಹ ಇಲ್ಲ ಅಂತ ನೋಡೋದು, ಅಲ್ಲಾಡ್ಬೇಡಿ ಅನ್ನೋದು. ಆ ಮಿಷಿನ್ನು ಅಂದ್ರೆ ಒಂದು ದೊಡ್ಡ ಅಯಸ್ಕಾಂತ. ತಾಳಿ, ಕಾಲುಂಗುರ, ಉಡದಾರ, ತಾಯ್ತ ಎಲ್ಲ ಬಿಚ್ಚಬೇಕು. ರೂಲ್ಸು ಡಾಕ್ಟ್ರುದು, ಬೈಸ್ಕೊಳ್ಳೋನು ನಾನು. 'ಗಂಡ ಬದ್ಕಿರೋವಾಗ ತಾಳಿ ಬಿಚ್ಚು ಅಂತೀಯೇನೋ' ಅಂತ ದಿನಕ್ಕೊಬ್ಬರಾದ್ರೂ ಬೈಯೋರು. ಬೈಸ್ಕೊಂಡು ಬೈಸ್ಕೊಂಡು ಸಾಕಾಗಿತ್ತು.

ಭಾನುವಾರ ರಜ. ಹೆಸರಿಗೆ ರಜ. ಒಬ್ರು ಫಿಸಿಕ್ಸ್ ಮೇಷ್ಟ್ರು ರಿಸರ್ಚಿಗೆ ಅಂತ ಭಾನುವಾರ ಬೆಳಗ್ಗೆ ಮಿಷಿನ್ನು ಕೇಳ್ಕೊಂಡು ಬಂದ್ರು. ಅವರ ಜೊತೆ ಗಣಿತದಲ್ಲಿ ಪಿಎಚ್.ಡಿ. ಮಾಡೋ ಒಬ್ರು ಮೇಡಂ. ಮಿಷಿನ್ ಓಡ್ಸಕ್ಕೆ ನಮ್ಮ ಟೆಕ್ನಿಷಿಯನ್ನು. ಉಳಿದಿದ್ದಕ್ಕೆಲ್ಲ ನಾನು.

'ಫಿಸಿಕ್ಸ್ ಮೇಷ್ಟ್ರಿಗೆ ತಲೆ ಒಳಗೇನ್ ಸಾರ್ ಕೆಲ್ಸ?' ಅಂತ ನೇರವಾಗೇ ಕೇಳ್ದೆ.

ಅವರು ಬೇಜಾರ್ ಮಾಡ್ಕೊಳ್ಳಲಿಲ್ಲ. 'ಇಷ್ಟು ವರ್ಷ ಪೇಪರ್ ಮೇಲೆ ಅಯಸ್ಕಾಂತದ ಲೆಕ್ಕ ಮಾಡ್ದೋನು ಕಣಯ್ಯ ನಾನು. ನಿಜವಾದ ಅಯಸ್ಕಾಂತದ ಹತ್ರ ಬಂದಿದ್ದು ಇಲ್ಲೇ' ಅಂತ ನಕ್ರು. ಆಮೇಲೆ ಹೇಳಿದ್ರು. ಕಬ್ಬಿಣದೊಳಗೆ ದಿಕ್ಸೂಚಿ ಮುಳ್ಳಿನಂಥ ಚಿಕ್ಕ ಚಿಕ್ಕ ಮುಳ್ಳಿವೆ ಅನ್ಕೋ. ಒಂದೊಂದೂ ಪಕ್ಕದ್ದನ್ನ ನೋಡ್ಕೊಂಡು ತಿರುಗುತ್ತೆ. ಬಿಸಿ ಜಾಸ್ತಿ ಆದ್ರೆ ಯಾರ ಮಾತೂ ಯಾರೂ ಕೇಳಲ್ಲ. ತಣ್ಣಗಾದ್ರೆ ಎಲ್ಲಾ ಒಂದೇ ಕಡೆ ಮುಖ ಮಾಡ್ಕೊಂಡು ನಿಂತ್ಬುಡ್ತವೆ. ನಡುವೆ ಒಂದು ಅಂಚಿದೆ. ಆ ಅಂಚಲ್ಲಿ ಈ ತುದೀಲಿ ಒಂದು ಅಲ್ಲಾಡಿದ್ರೆ ಆ ತುದಿಗೂ ಸುದ್ದಿ ಹೋಗುತ್ತೆ. ಮನುಷ್ಯ ಸುಮ್ನಿರೋವಾಗ ಅವನ ಮಿದುಳು ಅಂಥ ಅಂಚಲ್ಲೇ ಇರುತ್ತಾ ಅಂತ ಅವರಿಗೆ ನೋಡ್ಬೇಕಿತ್ತು.

'ಸುಮ್ನಿರೋದನ್ನ ನೋಡಕ್ಕೆ ಇಷ್ಟು ದೊಡ್ಡ ಮಿಷಿನ್ನಾ?' ಅಂದೆ.

'ಸುಮ್ನಿದ್ದಾಗ್ಲೇ ಅದು ಜಾಸ್ತಿ ಕೆಲ್ಸ ಮಾಡುತ್ತೆ ಅಂತ ಕಾಣುತ್ತಪ್ಪ. ಯಾವ ಜಾಗ ಯಾವ ಜಾಗದ ಜೊತೆ ಮಾತಾಡ್ತಿದೆ ಅಂತ ಚುಕ್ಕಿ ಇಟ್ಟು ಗೆರೆ ಎಳೀತೀವಿ. ರಂಗೋಲಿ ಥರ' ಅಂದ್ರು ಮೇಡಂ.

ನನಗೆ ಅರ್ಧ ಅರ್ಥ ಆಯ್ತು. ಉಳಿದರ್ಧ ಬೇಕಿರ್ಲಿಲ್ಲ. ಭಾನುವಾರ ಮಲ್ಕೊಳ್ಳೋದು ಹೋಯ್ತಲ್ಲ ಅನ್ನೋದೇ ನನ್ನ ಚಿಂತೆ.

ಮೇಡಂ ಒಂದು ಮಾತು ಬರ್ಕೊಂಡು ಬಂದಿದ್ರು. ಮಲಗ್ದೋರಿಗೆ ಓದಿ ಹೇಳೋದು. 'ಯಾವುದನ್ನೂ ಆಲೋಚಿಸದೆ ವಿಶ್ರಾಂತ ಸ್ಥಿತಿಯಲ್ಲಿರಿ.' ಮಲಗ್ದೋರು ನನ್ನ ಮುಖ ನೋಡೋರು. ನಾನು, 'ಏನಿಲ್ಲ, ಸುಮ್ನಿರಿ' ಅನ್ನೋನು. ಅದೇ ಖಾಯಂ ಆಗೋಯ್ತು. ಆದ್ರೆ ಆ ಮಾತೂ ಸರೀಗೆ ಕೆಲ್ಸ ಮಾಡ್ಲಿಲ್ಲ. ಒಬ್ಬ ಯಜಮಾನ್ರು ಎದ್ದು ಕೂತ್ರು. 'ಸುಮ್ನಿರಿ ಅಂದ್ರೆ? ನಾನೇನ್ ಗಲಾಟೆ ಮಾಡಿದ್ನೇನಯ್ಯ?' ಒಬ್ಬಮ್ಮ ಉಸ್ರು ಬಿಗಿ ಹಿಡ್ಕೊಂಡು ಬೆವ್ತೋದ್ಲು. ಇನ್ನೊಬ್ಬಮ್ಮ ಆ ಸದ್ದಲ್ಲೂ ಗೊರಕೆ ಹೊಡೆದ್ಲು. ಮತ್ತೊಬ್ರು ಆಚೆ ಬಂದು, 'ಮನಸಲ್ಲೇ ಬೆಟ್ಟದ ಮೆಟ್ಲು ಹತ್ತುತಾ ಇದ್ದೆ, ನಂದಿ ತಂಕ ಹೋಗಿದ್ದೆ, ಅಷ್ಟರಲ್ಲಿ ನಿಲ್ಲುಸ್‌ಬುಟ್ರಲ್ಲಾ' ಅಂತ ಜಗಳಕ್ಕೆ ಬಂದ್ರು. ಮೇಷ್ಟ್ರು ತಲೆ ಮೇಲೆ ಕೈ ಇಟ್ಕೊಂಡು, 'ಮುಳ್ಳುಗಳೇ ವಾಸಿ ಕಣಮ್ಮ, ಬೆಟ್ಟ ಹತ್ತಲ್ಲ' ಅಂದ್ರು.

ಅವರಿಗೆ ಎರಡು ಥರದ ಜನ ಬೇಕಿತ್ತು. ಐವತ್ತು ದಾಟಿದ ಓದಿರೋರು, ಐವತ್ತು ದಾಟಿದ ಸ್ಕೂಲ್ ಮೆಟ್ಲೇ ಹತ್ತದೋರು. ಓದಿರೋರು ಸಿಕ್ಕಿದ್ರು. ಓದ್ದೆ ಇರೋರು ಮಿಷಿನ್ ನೋಡಿ ವಾಪಸ್ ಹೋಗೋರು. 'ನಿಮ್ಮ ಕಡೆ ಯಾರಾದ್ರೂ ಇದ್ದಾರಾ?' ಅಂತ ಮೇಡಂ ನನ್ನನ್ನ ಕೇಳಿದ್ರು.

ಇದ್ಲು. ನಮ್ಮವ್ವ.

ಅವ್ವ ಒಂದು ಮಠದ ಹಾಸ್ಟೆಲ್ ಅಡುಗೆಮನೇಲಿ ಕೆಲ್ಸ ಮಾಡೋಳು. ಆ ವರ್ಷ ಅವಳು ಸಾರಿಗೆ ಎರಡೆರಡು ಸತಿ ಉಪ್ಪು ಹಾಕ್ತಾಳೆ ಅಂತ ಮಾತು ಬಂತು. ವಯಸ್ಸಾಯ್ತು ಅಂದ್ಕೊಂಡೆ. ಆಮೇಲೆ ಒಂದಿನ ಸಿಟಿ ಬಸ್ಸಲ್ಲಿ ನಮ್ಮ ಸ್ಟಾಪಲ್ಲಿ ಇಳೀದೆ ಕೊನೇ ಸ್ಟಾಪಿಗೆ ಹೋಗಿ ಕೂತಿದ್ಲು. ಹೋಗಿ ಕರ್ಕೊಂಡ್ ಬಂದೆ. 'ಕಣ್ ಹತ್ತಿತ್ತು ಕಣ್ಲಾ ಮಗ' ಅಂದ್ಲು. ಈಚೆಗೆ ಎಲ್ರನ್ನೂ ಮಗ ಅಂತಿದ್ಲು. ನನ್ನನ್ನೂ ಮಗ, ಅಳಿಯನ್ನೂ ಮಗ, ಹಾಲಿನೋನನ್ನೂ ಮಗ.

ಡಾಕ್ಟ್ರ ಹತ್ರ ಹೋದ್ರೆ ಸ್ಕ್ಯಾನ್ ಮಾಡ್ಸಿ ಅಂತಾರೆ. ದಿನಾ ಸ್ಕ್ಯಾನ್ ಮಿಷಿನ್ ಪಕ್ಕದಲ್ಲೇ ನಿಂತಿರ್ತೀನಿ, ಆದ್ರೆ ಅದು ನಮಗೆ ಎಟುಕೋ ವಸ್ತು ಅಲ್ಲ. ರಿಸರ್ಚ್ ಅಂದ್ರೆ ಪುಕ್ಕಟೆ. ಅವ್ವಂಗೆ ಆ ಮರೆವಿನ ಕಾಯಿಲೆ ಇದ್ಯಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕಿತ್ತು.

ಮೇಡಂಗೆ ಮೊದ್ಲೇ ಹೇಳ್ದೆ. 'ಕರ್ಕೊಂಡ್ ಬರ್ತೀನಿ. ನೋಡಿ ಏನಿದೆ ಅಂತ ಹೇಳ್ಬೇಕು.'

ಅವರ ಮುಖ ಸಣ್ಣಗಾಯ್ತು. 'ಇದು ಟ್ರೀಟ್‌ಮೆಂಟ್ ಅಲ್ಲಪ್ಪ. ನಾವು ಒಬ್ಬೊಬ್ಬರನ್ನ ನೋಡಲ್ಲ. ಎಲ್ಲರ ಮಿದುಳನ್ನೂ ಒಂದೇ ಅಳತೆಗೆ ತಂದು, ಒಂದರ ಮೇಲೊಂದು ಇಟ್ಟು, ಸರಾಸರಿ ತೆಗೀತೀವಿ.'

'ಆಗ ಅದು ಯಾರ ತಲೆ ಆಯ್ತು ಮೇಡಂ?'

'ಯಾರದ್ದೂ ಅಲ್ಲ.'

ಮೇಷ್ಟ್ರು ಕೇಳಿಸ್ಕೊತಿದ್ರು. 'ಮೊದಲು ಒಂದು ಮಾಮೂಲಿ ಚಿತ್ರ ತೆಗೀತೀವಲ್ಲ, ಅದನ್ನ ಇಲ್ಲಿನ ಡಾಕ್ಟ್ರಿಗೆ ತೋರಿಸ್ತೀವಿ. ಗಡ್ಡೆ ಗಿಡ್ಡೆ ಇದ್ರೆ ಹೇಳ್ತಾರೆ. ಅದಕ್ಕಿಂತ ಹೆಚ್ಚು ಕೇಳ್ಬೇಡ, ನನಗೆ ಗೊತ್ತಿಲ್ಲ' ಅಂದ್ರು. ಗೊತ್ತಿಲ್ಲ ಅಂತ ನೇರವಾಗಿ ಹೇಳಿದ್ರಲ್ಲ, ಅಷ್ಟಕ್ಕೇ ಕರ್ಕೊಂಡ್ ಬಂದೆ.

ಅವ್ವ ಓಲೆ, ಬಳೆ, ಹೇರ್‌ಪಿನ್ನು ಎಲ್ಲ ತೆಗೆದು ಕೊಟ್ಲು. ನಾನು ಕತ್ತಿಗೆ ಕೈ ಹಾಕ್ದಾಗ ಹಿಂದಕ್ಕೆ ಸರಿದ್ಲು. ಅಲ್ಲಿ ಬೆಳ್ಳಿ ಕರಡಿಗೆ, ಅದರೊಳಗೆ ಲಿಂಗ. ಅವಳ ಮೈಮೇಲಿಂದ ಯಾವತ್ತೂ ಇಳಿದಿಲ್ಲ. ನಾನು ಕಟ್ಕೊಳ್ಳೋದು ಬುಟ್ಟು ಎಷ್ಟೋ ಕಾಲ ಆಗಿತ್ತು. ಅದಕ್ಕೇ ನನಗೆ ಹೊಳೀಲೇ ಇಲ್ಲ. ಊರೋರ ತಾಳಿಯೆಲ್ಲ ಬಿಚ್ಚಿಸ್ದೋನು, ನಮ್ಮವ್ವನ ಕತ್ತಲ್ಲಿ ಏನಿದೆ ಅನ್ನೋದನ್ನೇ ಮರ್ತಿದ್ದೆ.

'ಬಿಚ್ಚವ್ವಾ, ಹತ್ತು ನಿಮಿಷ.'

'ಇದನ್ನ ಬಿಚ್ಚಿಟ್ರೆ ನಾನು ಬದ್ಕಿದ್ದೂ ಹೆಣ ಕಣೋ. ನಿಮ್ ಮಿಷಿನ್ನೇ ಬೇಕಾದ್ರೆ ಬಿಚ್ಕೊಳ್ಳಲಿ.'

'ಬೆಳ್ಳೀನ ಮಿಷಿನ್ನು ಎಳೆಯಲ್ಲ. ಆದ್ರೆ ಬಿಸಿ ಆಗ್ಬೋದು. ರೂಲ್ಸು ಅಂದ್ರೆ ರೂಲ್ಸು' ಅಂದ ಟೆಕ್ನಿಷಿಯನ್ನು.

'ಯಾವ ರೂಲ್ಸು ಮಗ? ನಿಂಗೆ ಅವ್ವ ಇಲ್ವಾ?' ಅಂತ ಅವನನ್ನೂ ಮಗ ಅಂದ್ಬುಟ್ಲು.

ನನಗೆ ತಲೆ ಕೆಟ್ಟೋಗಿತ್ತು. ಮನೆಗೆ ಹೋಗೋಣ ನಡಿ ಅಂದೆ. ಅವ್ವಾನೇ ದಾರಿ ಹುಡುಕಿದ್ಲು. ಪೂಜೆಗೆ ಹೆಂಗೂ ಲಿಂಗಾನ ಎಡಗೈ ಅಂಗೈ ಮೇಲೆ ಇಟ್ಕೊತಾರಲ್ಲ. ಕರಡಿಗೆಯಿಂದ ತೆಗೆದು, ಬಿಳಿ ಬಟ್ಟೇಲಿ ಸುತ್ತಿ, ಎಡಗೈಲಿ ಹಿಡ್ಕೊಂಡು ಎದೆ ಮೇಲೆ ಇಟ್ಕೊಂಡ್ಲು. ಟೆಕ್ನಿಷಿಯನ್ನು ಒಂದು ಪುಟ್ಟ ಅಯಸ್ಕಾಂತ ತಂದು ಬಟ್ಟೆ ಹತ್ರ ಹಿಡಿದು ನೋಡಿದ. ಎಳೀಲಿಲ್ಲ. ಬರೀ ಕಲ್ಲು. ಖಾಲಿ ಕರಡಿಗೇನ ನನ್ನ ಜೇಬಿಗೆ ಹಾಕಿದ್ಲು. 'ಬೀಳಿಸ್ಬೇಡ.'

ಮಲಗ್ಸಿ, ಕಿವಿಗೆ ಹತ್ತಿ ಇಟ್ಟು, ನಾನೇ ಹೇಳ್ದೆ. 'ಅವ್ವಾ, ಅಲ್ಲಾಡ್ಬೇಡ. ಏನೂ ಮಾಡ್ಬೇಡ. ಸುಮ್ನಿರು.'

'ಸುಮ್ನಿರದೆ ಇನ್ನೇನು ಕುಣೀತಾರಾ ಇದ್ರೊಳಗೆ?' ಅಂದ್ಲು. ಮಂಚ ಒಳಕ್ಕೆ ಹೋಯ್ತು.

ಗಾಜಿನ ಈಚೆ ನಿಂತ್ಕೊಂಡೆ. ದಿನಾ ನೋಡೋದೇ, ಅವತ್ತು ನೋಡಕ್ಕಾಗ್ಲಿಲ್ಲ. ಪಾದ ಎರಡು ಮಾತ್ರ ಕಾಣ್ತಿದ್ವು. ಅಡುಗೆಮನೆ ಬೂದಿ, ನೀರು ತುಳಿದು ತುಳಿದು ಹಿಮ್ಮಡಿ ಸೀಳಿತ್ತು. ಕಂಪ್ಯೂಟರ್ ಮೇಲೆ ಅವ್ವನ ತಲೆ ಬೂದು ಬಣ್ಣದಲ್ಲಿ ಪದರ ಪದರವಾಗಿ ಬಂತು. ಹೂಕೋಸು ಕೊಯ್ದಂಗೆ. ಎಲ್ಲರದ್ದೂ ಅಂಗೇ ಇರುತ್ತೆ. ನನಗೆ ಅದರಲ್ಲಿ ಅವ್ವ ಕಾಣ್ಲಿಲ್ಲ.

ಮುಗಿದ್ ಮೇಲೆ ಅವ್ವನ್ನ ಈಚೆ ಕೂರ್ಸಿ ಒಳಗೆ ಬಂದೆ. ಸೆಂಟರ್ ಡಾಕ್ಟ್ರು ಬೇರೆ ಕೆಲ್ಸಕ್ಕೆ ಬಂದಿದ್ದೋರು ಮಾಮೂಲಿ ಚಿತ್ರ ನೋಡಿದ್ರು. 'ಗಡ್ಡೆ, ರಕ್ತಸ್ರಾವ ಏನಿಲ್ಲ. ವಯಸ್ಸಿಗೆ ತಕ್ಕ ಹಾಗಿದೆ' ಅಂದ್ರು.

'ಮರೆವು ಸಾರ್?'

'ಅದು ಇದರಲ್ಲೇ ಗೊತ್ತಾಗ್ಬೇಕು ಅಂತಿಲ್ಲ.'

ಮೇಡಂ ಕಡೆ ತಿರುಗ್ದೆ. ಅವರು ಕಂಪ್ಯೂಟರ್ ಮೇಲೊಂದು ಗೆರೆ ತೋರ್ಸಿದ್ರು. ಬೇರೆಯೋರದ್ದು ಬೇಲಿ ತಂತಿ ಥರ ನೆಟ್ಟಗಿತ್ತು. ಅವ್ವನದ್ದು ಗರಗಸದ ಹಲ್ಲು. 'ಪೂರ್ತಿ ಹತ್ತು ನಿಮಿಷ ಅಲ್ಲಾಡ್ತಾನೇ ಇದ್ದಾರೆ. ಬಲಗೈ ಅನ್ಸುತ್ತೆ, ಅದರ ಜೊತೆ ತಲೇನೂ. ಸಾರಿ. ಇದನ್ನ ಲೆಕ್ಕಕ್ಕೆ ತಗೊಳ್ಳಕ್ಕಾಗಲ್ಲ.'

'ಕಾಫಿ ಕುಡ್ಸು ಅವರಿಗೆ' ಅಂದ್ರು ಮೇಷ್ಟ್ರು.

ಯಾರದ್ದೂ ಅಲ್ದಿರೋ ಆ ತಲೆ ಒಳಗೂ ಅವ್ವಂಗೆ ಜಾಗ ಇಲ್ಲ ಅಂತಾಯ್ತು.

ಬಸ್ಸಲ್ಲಿ ಸೀಟ್ ಸಿಕ್ತು. ಅವ್ವ ಕಿಟಕಿ ಪಕ್ಕ ಕೂತು ಕರಡಿಗೆ ಒಳಕ್ಕೆ ಲಿಂಗ ಸೇರ್ಸಿ ಕತ್ತಿಗೆ ಕಟ್ಕೊಂಡ್ಲು. ನನಗೆ ತಡ್ಕೊಳ್ಳಕ್ಕಾಗ್ಲಿಲ್ಲ.

'ಅಲ್ಲಾಡ್ಬೇಡ ಅಂತ ಬಡ್ಕೊಂಡೆ. ಯಾಕವ್ವಾ ಕೈ ಆಡುಸ್ದೆ? ಎಲ್ಲಾ ಹಾಳಾಯ್ತು.'

'ಅಲ್ಲಾಡ್ಲಿಲ್ಲವಲ್ಲೋ. ಬರೀ ಹೆಬ್ಬೆಟ್ಟು.'

ಹೆಬ್ಬೆಟ್ಟು ಅಂದ ತಕ್ಷಣ ಗೊತ್ತಾಯ್ತು. ಅವ್ವಂಗೆ ಅಂಕಿ ಬರಲ್ಲ. ಏನೇ ಎಣಿಸಿದ್ರೂ ಹೆಬ್ಬೆಟ್ಟಲ್ಲಿ ಬೆರಳಿನ ಗೆಣ್ಣು ಮುಟ್ಕೊಂಡೇ ಎಣಿಸೋದು. ಒಂದು ಬೆರಳಿಗೆ ಮೂರು ಗೆಣ್ಣು, ಒಂದು ಕೈಗೆ ಹನ್ನೆರಡು. ಹಬ್ಬದಲ್ಲಿ ಎಲೆ ಹಾಕೋವಾಗ್ಲೂ ಅಂಗೇ ನಮ್ಮೋರನ್ನ ಎಣಿಸೋಳು. ನಾವು ನಾಲ್ಕು ಜನ ಮಕ್ಕಳು, ಮದುವೆಯಾದ ಮೂವರ ಗಂಡ ಹೆಂಡ್ರು, ಐದು ಮೊಮ್ಮಕ್ಕಳು. 'ದೇವ್ರು ಕೈಗೆ ಸರಿಯಾಗಿ ಕೊಟ್ಟವ್ನೆ' ಅನ್ನೋಳು.

'ಜಪ ಮಾಡ್ತಿದ್ದಾ?'

'ಜಪ ಎಲ್ಲಿ ಬಂತು ಆ ಸದ್ದಲ್ಲಿ. ನೀನ್ ಯಾಕ್ ಕರ್ಕೊಂಡ್ ಬಂದಿದ್ದೀಯ ಅಂತ ನಂಗೊತ್ತಿಲ್ವೇನೋ? ಉಪ್ಪಿನ ಸುದ್ದಿ ಎಲ್ಲ ಗೊತ್ತು. ನಾನೇ ನೋಡ್ಕಳಾನ ಅಂತ ನಮ್ಮೋರ ಹೆಸ್ರು ಒಂದೊಂದೇ ಹೇಳ್ಕೊಂಡೆ. ಒಂದು ಹೆಸ್ರಿಗೆ ಒಂದು ಗೆಣ್ಣು.'

'ಬಂತಾ?'

ಅವ್ವ ಆಚೆ ನೋಡ್ತಿದ್ಲು. 'ಒಂದು ಗೆಣ್ಣು ಖಾಲಿ ಉಳ್ಕೋತು. ಮೊದ್ಲಿಂದ ಹೇಳ್ದೆ. ಮತ್ತೆ ಹೇಳ್ದೆ. ಅಷ್ಟೊತ್ತೂ ಅದೇ ಮಾಡ್ದೆ. ಒಬ್ಬರದು ಬರ್ಲಿಲ್ಲ.'

'ಯಾರ್ದವ್ವಾ?'

'ಗೊತ್ತಿದ್ರೆ ಬಂದಿರ್ತಿತ್ತಲ್ಲೋ ದಡ್ಡ' ಅಂತ ನಕ್ಕುಬುಟ್ಲು.

ಮುಂದಿನ ಸೀಟೋನು ತಿರುಗಿ ನೋಡ್ದ. ನಾನೂ ನಗ್ಬೇಕಿತ್ತು, ಆಗ್ಲಿಲ್ಲ. ಆ ಮಿಷಿನ್ನು, ಮೇಷ್ಟ್ರ ಅಂಚು, ಮೇಡಂ ರಂಗೋಲಿ ಎಲ್ಲ ಸೇರಿ ಹೇಳಕ್ಕಾಗ್ದೆ ಇದ್ದಿದ್ದನ್ನ ಇವಳು ಒಳಗೆ ಮಲ್ಕೊಂಡೇ ನೋಡ್ಕೊಂಡು ಬಂದಿದ್ಲು. ನೋಡ್ಕೊಂಡು ಯಾರಿಗೂ ಹೇಳ್ದೆ ಕೂತಿದ್ಲು. ನಾನು ಕೇಳ್ದೆ ಇದ್ರೆ ಹೇಳ್ತಾನೂ ಇರ್ಲಿಲ್ಲ.

ಹನ್ನೆರಡು ಜನರಲ್ಲಿ ಒಬ್ಬರು. ನನ್ನ ಹೆಸ್ರು ಹೇಳು ನೋಡಾನ ಅಂತ ಕೇಳ್ಬೋದಿತ್ತು. ಒಂದೇ ಮಾತು. ಬಾಯಿ ತಂಕ ಬಂದಿತ್ತು. ಕೇಳ್ಲಿಲ್ಲ. ಮುಂದಿನ ಸೀಟಿನ ಕಂಬಿಗೆ ತಲೆ ಆನಿಸ್ಕೊಂಡು ಕಣ್ಣು ಮುಚ್ಕೊಂಡೆ. ವಾರವೆಲ್ಲ ದುಡಿದ ಮೈ, ಸುಸ್ತು ಅಂದ್ರೆ ಸುಸ್ತು. ಕಣ್ಣು ಮುಚ್ಚಿದ್ರೂ ಕಿವೀಲಿ ಡಬ ಡಬ ಡಬ.

ಬಸ್ಸು ಹೂಟಗಳ್ಳಿಗೆ ಬಂದಿದ್ದು ನನಗೆ ತಿಳೀಲಿಲ್ಲ. ಯಾರೋ ಭುಜ ಅಲ್ಲಾಡ್ಸಿದಂಗಾಯ್ತು. ಅವ್ವ ಎದ್ದು ನಿಂತಿದ್ಲು, ಒಂದು ಕೈಲಿ ಕಂಬಿ, ಒಂದು ಕೈ ನನ್ನ ಮೇಲೆ.

'ಏಳೋ, ನಮ್ಮ ಸ್ಟಾಪು ಬಂತು' ಅಂದ್ಲು. ಸ್ವಲ್ಪ ತಡೆದು, 'ಏಳ್ಲಾ ಮಗ' ಅಂದ್ಲು.